ಕಾಳಿನ ದಡಿಯ ಶಿದ್ರಾಮಪ್ಪ

ಬನಹಟ್ಟಿಯ ನೇಕಾರ ಶಿದ್ರಾಮಪ್ಪನಿಗೂ ಸಂತೆಗೂ ಆಗಿಬರುತ್ತಿರಲಿಲ್ಲ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತನೆಂದರೆ ರೊಟ್ಟಿ ಆರಿ ಹಪ್ಪಳವಾದರೂ ಏಳುವವನಲ್ಲ. ಉಪ್ಪು, ಎಣ್ಣೆ, ಕಾಯಿಪಲ್ಯ ಎಲ್ಲ ಹೆಂಡತಿಯದೇ ಕಾರುಬಾರು. ನನ್ನದು ಇದಕ್ಕೆ ತದ್ವಿರುದ್ಧ. ಊರ ಹೊರಗೆ ಬದನೆಕಾಯಿ ಬೆಳೆದು ಮುಧೋಳದ ಸಂತೆಗೆ ಒಯ್ದು ಮಾರುವ ನನಗೆ ವಾರಕ್ಕೊಮ್ಮೆ ನಾಲ್ಕು ಜನರ ಜೊತೆ ಜಗಳಾಡದಿದ್ದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ಆದರೂ ಸಣ್ಣವರಿದ್ದಾಗಿನಿಂದ ನಮ್ಮಿಬ್ಬರದು ಗೆಳೆತನ. ಯಾಕೆ ಎಂದು ಕೇಳಿದರೆ ಇಬ್ಬರಿಗೂ ಹೇಳಲು ಬರುವುದಿಲ್ಲ.

ಅಂಥವನು ಒಂದು ಸಂಜೆ ತಾನಾಗಿಯೇ ನನ್ನ ಹೊಲಕ್ಕೆ ಬಂದು, “ಲೇ ಹುಲೆಪ್ಪಾ, ನಾಳೆ ನನ್ನೂ ಸಂತಿಗೆ ಕರಕೊಂಡ ಹೋಗು” ಅಂದ.

“ಯಾಕಲೇ, ಮನ್ಯಾಗ ಜಗಳಾ ಆತೇನು?”

“ಜಗಳಾ ಇಲ್ಲ ಏನಿಲ್ಲ. ನನ್ನ ಸೀರಿ ಯಾರು ಉಡತಾರ ನೋಡಬೇಕಾಗೈತಿ.”

ವಿಷಯ ಹೀಗಿತ್ತು. ಸಂಸ್ಥಾನಗಳು ಹೋಗಿ ನಾವೆಲ್ಲ ಮುಂಬೈ ಸರಕಾರದ ಕೆಳಗೆ ಬಂದು ಕೆಲವು ವರ್ಷಗಳಾಗಿದ್ದವು. ಮುಂಬೈಯಿಂದ ರಾಜ್ಯಭಾರದ ಜೊತೆಗೆ ಸೀರೆಯ ನಮೂನೆಗಳೂ ಬರತೊಡಗಿದ್ದವು. ಶಿದ್ರಾಮಪ್ಪ ನೇಯುತ್ತಿದ್ದುದು ಕಪ್ಪು ನೀಲಿಯ ಒಡಲಿನ ಸೀರೆ. ಅದರ ಅಂಚಿನ ಕೆಂಪು ದಡಿಯೊಳಗೆ ಹಳದಿ ನೂಲಿನಲ್ಲಿ ಜೋಳದ ಕಾಳು ಸುರಿದ ಹಾಗೆ ಒಂದು ಸಾಲು. ಕಾಳಿನ ದಡಿ ಎಂದೇ ಅದಕ್ಕೆ ಹೆಸರು. ಆ ದಡಿ ಅವನ ಅಪ್ಪ ಹುಟ್ಟಿಸಿದ್ದು. ಬಹಳ ಕೈಕೆಲಸ ಬೇಡುವ ದಡಿಯೆಂದು ಊರಲ್ಲಿ ಬೇರೆ ಯಾರೂ ಅದರ ತಂಟೆಗೆ ಹೋಗಿರಲಿಲ್ಲ. ನೂಲು ಕೊಟ್ಟು ಸೀರೆ ನೇಯಿಸುವ ಸಾವಕಾರ ಈಗ ಖಂಡತುಂಡವಾಗಿ ಹೇಳಿಬಿಟ್ಟಿದ್ದ: ಕಾಳಿನ ದಡಿ ಯಾರೂ ಉಡುವುದಿಲ್ಲ, ಮಗ್ಗದ ಮೇಲಿನ ಹಾಸು ಮುಗಿಯುತ್ತಲೂ ಮುಂಬೈ ನಮೂನೆಯ ಅಗಲ ದಡಿ ಹಾಕಬೇಕು, ಇಲ್ಲವಾದರೆ ನೂಲು ಇಲ್ಲ.

“ಯಾರೂ ಉಡೂದಿಲ್ಲಂದ್ರ ಇಷ್ಟ ವರ್ಷ ನೇದದ್ದು ಎಲ್ಲಿ ಹೋತು?” ಎಂದ ಶಿದ್ರಾಮಪ್ಪ. “ನನ್ನ ಮಾಲೆಲ್ಲಾ ಮುಧೋಳ ಕಡೇನ ಹೋಗ್ತೈತಿ. ಒಬ್ಬಾಕಿ ಸಿಗ್ಲಿ ಸಾಕು. ಆಕೀ ಮಾತು ಒಯ್ದು ಸಾವಕಾರನ ಮುಂದ ಇಡತೇನಿ.”

ನನಗೂ ಕುತೂಹಲ ಕೆರಳಿತು. ಜೀವಮಾನವಿಡೀ ಸೀರೆ ನೇಯ್ದವನು ಅದನ್ನು ಉಟ್ಟವರನ್ನು ಕಂಡೇ ಇಲ್ಲವೆಂದರೆ ಏನು ಹೇಳುವುದು! ನನ್ನ ಬದನೆಕಾಯಿ ತಿಂದವರು ಮುಂದಿನ ವಾರವೇ ಬಂದು ಹುಳುಕಿತ್ತೆಂದು ಮುಖಕ್ಕೆ ಹೇಳಿ ಹೋಗುತ್ತಾರೆ. ಇವನಿಗೆ ಆ ಸುಖವೂ ಇರಲಿಲ್ಲ.

ಮರುದಿನ ಬುಟ್ಟಿಗಳನ್ನು ಮೋಟಾರಿನ ತಲೆಯ ಮೇಲೆ ಏರಿಸಿ ಇಬ್ಬರೂ ಮುಧೋಳಕ್ಕೆ ಹೋದೆವು. ನಾನು ಗೋಣಿತಟ್ಟು ಹಾಸಿ ಬದನೆಕಾಯಿ ಸುರಿಯುವಷ್ಟರಲ್ಲಿ ಶಿದ್ರಾಮಪ್ಪ ಮಾಯ. ನೋಡಿದರೆ, ಎರಡೂ ಕೈ ಬೆನ್ನಿಗೆ ಕಟ್ಟಿ, ಕತ್ತು ಬಗ್ಗಿಸಿ, ಹೆಂಗಸರು ಕೂತ ಸಾಲಿನಲ್ಲಿ ಮೆಲ್ಲಗೆ ನಡೆಯುತ್ತಿದ್ದಾನೆ. ಕಣ್ಣು ಯಾರ ಮುಖದ ಮೇಲೂ ಇಲ್ಲ, ಕಾಯಿಪಲ್ಯದ ಮೇಲಂತೂ ಇಲ್ಲವೇ ಇಲ್ಲ. ಏನಿದ್ದರೂ ಕಾಲ ಬಳಿಯ ದಡಿಗಳ ಮೇಲೆ. ಮೆಂತ್ಯದ ಸೊಪ್ಪು ಮಾರುವವಳು ನಕ್ಕಳು.

“ಏನರ ಕಳಕೊಂಡೀರೇನ್ರೀ ಯಜಮಾನ್ರ?”

ಇವನು ಮುಂದಕ್ಕೆ ಹೋಗಿ ಉಳ್ಳಾಗಡ್ಡಿಯವಳ ಸೀರೆಯ ಅಂಚಿನ ಹತ್ತಿರ ಕುಕ್ಕರಗಾಲಲ್ಲಿ ಕೂತೇಬಿಟ್ಟ. ಆಕೆ ಎದ್ದು ಸೊಂಟಕ್ಕೆ ಕೈಕೊಟ್ಟು ನಿಂತಳು.

“ಮನ್ಯಾಗ ಅಕ್ಕ ತಂಗ್ಯಾರ ಇಲ್ಲೇನೋ ನಿನಗ, ಮೂಳಾ?”

ನಾನು ಬದನೆಕಾಯಿ ಬಿಟ್ಟು ಓಡಿದೆ. “ಯವ್ವಾ, ತಪ್ಪ ತಿಳ್ಕೋಬ್ಯಾಡ. ಇಂವಾ ನೇಕಾರ. ಸೀರಿ ನೋಡಾಕತ್ತಾನ, ನಿನ್ನ ನೋಡಾಕತ್ತಿಲ್ಲ” ಎಂದೆ. ಆಕೆಗೆ ಇನ್ನೂ ಸಿಟ್ಟು ಬಂತು. “ಯಾಕ, ನಾ ನೋಡೂ ಹಂಗ ಇಲ್ಲೇನು?” ಅಂದಳು. ಸುತ್ತಲಿನವರು ಬಿದ್ದುಬಿದ್ದು ನಕ್ಕರು. ನಾನು ಕಾಳಿನ ದಡಿಯ ಸಂಗತಿ ಬಿಡಿಸಿ ಹೇಳಿದ ಮೇಲೆ ಸಾಲಿಗೆ ಸಾಲೇ ತಮ್ಮ ತಮ್ಮ ದಡಿ ಎತ್ತಿ ನೋಡಿಕೊಂಡಿತು. ಒಬ್ಬಳದು ಬಾಳೆ ಪಟ್ಟಿ, ಒಬ್ಬಳದು ಸಾದಾ, ಹತ್ತು ಜನರದು ಅದೇ ಮುಂಬೈ ಅಗಲ ದಡಿ. ಶಿದ್ರಾಮಪ್ಪನ ಮುಖ ಬಾಡುತ್ತ ಬಂತು. ಆಗ ಉಳ್ಳಾಗಡ್ಡಿಯವಳೇ ಹೇಳಿದಳು.

“ಆ ಬೇವಿನ ಗಿಡದ ಕೆಳಗ ಬೀಳಗಿ ಕಡೆಯಾಕಿ ಒಬ್ಬಾಕಿ ಸೌತಿಕಾಯಿ ಇಟಗೊಂಡ ಕುಂತಾಳ, ತಾರವ್ವಂತ. ಆಕೀ ಸೀರಿಗೆ ಹಂಥಾ ಕಾಳ ಅದಾವ ನೋಡ್ರಿ.”

ಇದ್ದವು. ಬೇವಿನ ಗಿಡದ ಬುಡದಲ್ಲಿ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಕೂತಿದ್ದಳು. ಸೀರೆಯ ನೀಲಿ ತುಸು ಬೆಳ್ಳಗಾಗಿತ್ತು, ಆದರೆ ದಡಿಯ ಒಂದು ಕಾಳೂ ಅಲುಗಿರಲಿಲ್ಲ. ಶಿದ್ರಾಮಪ್ಪ ನಿಂತಲ್ಲೇ ನಿಂತ. ತನ್ನ ಕೂಸನ್ನು ಪರವೂರಲ್ಲಿ ಕಂಡವನ ಮುಖ ಅವನದಾಗಿತ್ತು. ನನಗೂ ಬಹಳ ಖುಷಿಯಾಯಿತು. ನಾನೇ ಕೇಳಿದೆ.

“ತಂಗೀ, ಸೀರಿ ಭಾಳ ಛಲೋ ಐತಲ್ಲ?”

“ಛಲೋ ಏನ ಬಂತ್ರೀ!” ಹುಡುಗಿ ಸಿಡಿದಳು. “ನಮ್ಮತ್ತಿ ಉಟ್ಟ ಬಿಟ್ಟದ್ದು. ಇದು ಹರೀಲಿ, ಹೊಸಾದು ಕೊಡಸ್ತೇನಿ ಅಂದಾಳ. ಹರೀವಲ್ಲದು! ಒರಟ ಕಲ್ಲಿಗೆ ಬಡದ ಒಗದೆ. ಜಾಲಿ ಬೇಲ್ಯಾಗ ಸಿಗಿಸಿ ಜಗ್ಗಿದೆ. ಬೇಲಿ ಮುರೀತು, ಸೀರಿ ಹರೀಲಿಲ್ಲ. ಯಾವ ಪುಣ್ಯಾತ್ಮ ನೇದಾನೋ, ಅವನ ಕೈಗೆ ಲಕ್ವಾ ಹೊಡೀಲಿ.”

ನನಗೆ ನಗು ತಡೆಯಲಾಗಲಿಲ್ಲ. “ಇಂವನ ನೋಡವಾ ಆ ಪುಣ್ಯಾತ್ಮ” ಎಂದು ತೋರಿಸಿದೆ. ಹುಡುಗಿ ಸೆರಗು ಬಾಯಿಗೆ ಒತ್ತಿಕೊಂಡಳು. ಶಿದ್ರಾಮಪ್ಪ ಬೈಸಿಕೊಂಡದ್ದಕ್ಕೆ ಎದೆ ಉಬ್ಬಿಸಿದನೇ, ನೊಂದುಕೊಂಡನೇ, ನನಗೆ ತಿಳಿಯಲಿಲ್ಲ. ಅವನಿಗೂ ತಿಳಿದಂತೆ ಕಾಣಲಿಲ್ಲ.

ಅಷ್ಟರಲ್ಲಿ ಎಣ್ಣೆ ತರಲು ಹೋಗಿದ್ದ ಅತ್ತೆ ಲಗಮವ್ವ ಬಂದಳು. ವಿಷಯ ತಿಳಿದದ್ದೇ ಆಕೆಗೆ ಹಿಗ್ಗೋ ಹಿಗ್ಗು.

“ನೀವ ಏನ್ರೀ ನೇದಾವರು? ನಿಮ್ಮ ಕೈ ತಣ್ಣಗಿರ್ಲಿ. ಇಂಥಾ ಗಟ್ಟಿ ಸೀರಿ ನನ್ನ ಜಲ್ಮದಾಗ ಉಟ್ಟಿಲ್ಲ. ಇಡೀ ಮುಧೋಳ ಸಂತ್ಯಾಗ ಬೇಕಾದಾವರ ಮುಂದ ಹೇಳ್ತೇನಿ.”

ನಾನು ಶಿದ್ರಾಮಪ್ಪನ ಪಕ್ಕೆ ತಿವಿದೆ. ಹುಡುಕಿಕೊಂಡು ಬಂದ ಮಾತು ತಾನಾಗಿಯೇ ಕೈಗೆ ಬಂದಿತ್ತು. ಇದನ್ನು ಸಾವಕಾರನಿಗೆ ಮುಟ್ಟಿಸಿದರೆ ಆಯಿತು. ಆದರೆ ಲಗಮವ್ವ ಅಲ್ಲಿಗೆ ಬಿಡಲಿಲ್ಲ. ಸೊಸೆಯ ಸೆರಗಿನ ತುದಿ ಹಿಡಿದು ಅವನ ಮುಂದೆ ಚಾಚಿದಳು.

“ಈ ಹುಡುಗಿ ಹೊಸಾದು ಬೇಕು ಹೊಸಾದು ಬೇಕು ಅಂತ ಕಾಡಾಕತ್ತೈತಿ. ನೇದಾವರು ನೀವ ಹೇಳ್ರಿ, ಇದು ಇನ್ನೂ ಎಷ್ಟ ದಿವಸ ತಾಳ್ತೈತಿ?”

ತಾರವ್ವ ಒಮ್ಮೆ ಶಿದ್ರಾಮಪ್ಪನ ಮುಖ ನೋಡಿ, ತಲೆ ತಗ್ಗಿಸಿ ಸೌತೆಕಾಯಿಗಳನ್ನು ಸುಮ್ಮನೆ ಅತ್ತಿಂದಿತ್ತ ಸರಿಸತೊಡಗಿದಳು.

ಶಿದ್ರಾಮಪ್ಪ ಬಟ್ಟೆಯನ್ನು ಬೆರಳುಗಳ ನಡುವೆ ಹಿಡಿದು ಉಜ್ಜಿದ. ಬಿಸಿಲಿಗೆ ಹಿಡಿದ. ದಡಿಯನ್ನು ಉಗುರಿನಿಂದ ಕೆರೆದು ನೋಡಿದ. ಬಟ್ಟೆಯ ವಿಷಯ ಏನೂ ತಿಳಿಯದ ನನಗೂ ಅದರ ಗಟ್ಟಿತನ ಕಾಣುತ್ತಿತ್ತು. ಅವನು ಸೆರಗು ಕೈಬಿಟ್ಟ.

“ಮುಗೀತ್ರಿ ಯವ್ವಾ ಇದು” ಅಂದ. “ಮ್ಯಾಲ ಗಟ್ಟಿ ಕಾಣತೈತಿ, ಒಳಗ ನೂಲು ಸತ್ತಾವು. ಒಂದಿನಾ ಹೊಲದಾಗ ಬಗ್ಗಿದಾಗ ಪರ್ ಅಂತ ಹರದು ನಾಕ ಮಂದ್ಯಾಗ ಮಾನಾ ತಗೀತೈತಿ.”

ಲಗಮವ್ವ ಹೌಹಾರಿದಳು. ತಾರವ್ವನ ಕೈ ಸೌತೆಕಾಯಿಯ ಮೇಲೆಯೇ ನಿಂತಿತು.

“ಹಂಗಾರ ಕೊಡಸಬೇಕಾತು” ಎಂದು ಲಗಮವ್ವ ಉಸಿರುಬಿಟ್ಟಳು. “ಈ ಕಾಳಿನ ದಡೀದ ಇನ್ನೊಂದ ತಗೋತೇನಿ. ಎಲ್ಲಿ ಸಿಗತಾವ ಹೇಳ್ರಿ.”

ಹುಡುಗಿಯ ಮುಖದಲ್ಲಿ ಆಗ ತಾನೇ ಮೂಡಿದ ಕಳೆ ಆರಿಹೋಯಿತು. ನಾನು ಮನಸ್ಸಿನಲ್ಲೇ ಕುಣಿಯುತ್ತಿದ್ದೆ. ಗಿರಾಕಿ ತಾನಾಗಿಯೇ ಕೇಳುತ್ತಿದ್ದಾಳೆ! ಹೇಳು ಮಾರಾಯ, ಅಂಗಡಿಯ ಹೆಸರು ಹೇಳು!

“ಸಿಗೂದಿಲ್ರಿ” ಅಂದ ಶಿದ್ರಾಮಪ್ಪ. “ಆ ದಡಿ ನೇಯೂದು ಬಿಟ್ಟೀವಿ. ಈಗೆಲ್ಲಾ ಅಗಲ ದಡೀನ. ತಂಗೀಗೆ ಯಾವ ಬಣ್ಣ ಬೇಕೋ ಆಕೀನ್ನ ಕೇಳಿ ತಗೋರಿ.”

ತಾರವ್ವ ತಲೆ ಎತ್ತಿ, “ಗಿಣಿ ಹಸರ ಇರ್ಲಿ ಅತ್ತೀ” ಅಂದಳು. ಎಷ್ಟೋ ದಿನದಿಂದ ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿದ್ದಳೇನೋ.

ಮರಳಿ ಬರುವಾಗ ಮೋಟಾರಿನಲ್ಲಿ ನನಗೆ ಅವನ ಮೇಲೆ ಬೆಂಕಿಯಂಥ ಸಿಟ್ಟು. ಅವನ ಹುಚ್ಚಿನಲ್ಲಿ ನನ್ನ ಅರ್ಧ ಬದನೆಕಾಯಿ ಬಿಸಿಲಿಗೆ ಬಾಡಿದ್ದವು.

“ಖರೇ ಹೇಳು, ಎಷ್ಟ ದಿವಸ ತಾಳ್ತಿತ್ತದು?”

“ಆ ಹುಡುಗಿಗೆ ಸೊಸಿ ಬರೂತನಕ.”

“ಮತ್ತ! ನಿಮ್ಮಪ್ಪನ ದಡೀಗೆ ನೀನ ಸುಳ್ಳಾಡಿ ಮಣ್ಣ ಹಾಕಿದೆಲ್ಲೋ. ನೇಯೂದು ಬಿಟ್ಟೀವಿ ಅಂದೆಲ್ಲ, ಯಾವಾಗ ಬಿಟ್ಟಿ?”

ಶಿದ್ರಾಮಪ್ಪ ಕಿಟಕಿಯಾಚೆ ಕಬ್ಬಿನ ಹೊಲ ನೋಡುತ್ತ ಕೂತಿದ್ದ. ಕಣ್ಣು ತುಂಬಿದ್ದವು.

“ಆಕೀ ಮುಂದ ಅಂದೆಲ್ಲ, ಆಗ ಬಿಟ್ಟೆ” ಎಂದ.

ಬನಹಟ್ಟಿ ಬಂತು. ಶಿದ್ರಾಮಪ್ಪ ಮೋಟಾರಿನ ತಲೆಯಿಂದ ನನ್ನ ಬುಟ್ಟಿಗಳನ್ನು ಇಳಿಸಿಕೊಟ್ಟು, ಮನೆಯ ದಾರಿ ಬಿಟ್ಟು, ಅಗಲ ದಡಿಯ ನೂಲು ತರಲು ಸಾವಕಾರನ ಅಂಗಡಿಯ ಕಡೆ ಹೋದ.