ಹುಣಸೆಹಣ್ಣು ಹಾಕಿ ತಿಕ್ಕಿದ ಪಾಯಿಂಟು

ಆಗ ನನಗೆ ಹತ್ತೊಂಬತ್ತು. ಅದಾಗಿ ಐವತ್ತೆಂಟು ವರ್ಷವಾಯಿತು.

ಹೊಳಲ್ಕೆರೆ ಕಡೆಯ ಒಂದು ಸಣ್ಣ ಸ್ಟೇಷನ್ನಿನಲ್ಲಿ ನಮ್ಮ ಯಜಮಾನರು ಪಾಯಿಂಟ್ಸ್‌ಮನ್ ಆಗಿದ್ದರು. ಕಂಬಿಯ ಪಕ್ಕದಲ್ಲೇ ಒಂದು ಕೋಣೆಯ ಕ್ವಾಟ್ರಸ್ಸು. ನಾನು ಹುಟ್ಟಿದ್ದು ಬಾಗೂರಿನ ಹತ್ತಿರ, ಕುರಿ ಕಾಯುವವರ ಮನೆಯಲ್ಲಿ. ಓದಿದ್ದು ಎರಡನೇ ಕ್ಲಾಸು. ರೈಲನ್ನು ಹತ್ತಿರದಿಂದ ಕಂಡದ್ದೇ ಮದುವೆಯಾದ ಮೇಲೆ. ಆ ಒಂದು ಕೋಣೆ ಬಿಟ್ಟರೆ ನಮಗೆ ಬೇರೆ ನೆಲೆ ಇರಲಿಲ್ಲ. ಕೆಲಸ ಇದ್ದರೆ ಕೋಣೆ, ಇಲ್ಲದಿದ್ದರೆ ಬಯಲು.

ಪಾಯಿಂಟು ಅಂದರೆ ಒಂದು ದಾರಿಯ ಕಂಬಿ ಎರಡು ದಾರಿಯಾಗುವ ಜಾಗ. ಅಲ್ಲಿ ಎರಡು ಕಂಬಿಗಳ ತುದಿಯನ್ನು ಕುಡುಗೋಲಿನ ಬಾಯಿಯಂತೆ ತೆಳ್ಳಗೆ ಸವೆಸಿರುತ್ತಾರೆ. ಅದಕ್ಕೆ ನಾಲಗೆ ಅನ್ನುತ್ತಿದ್ದರು. ಎರಡು ನಾಲಗೆಗೂ ನಡುವೆ ನೊಗದ ಹಾಗೆ ಒಂದು ಕಬ್ಬಿಣದ ಪಟ್ಟಿ. ಒಂದು ಸರಿದರೆ ಇನ್ನೊಂದೂ ಸರಿಯಬೇಕು. ನಾಲಗೆ ಕೂತಿರುವುದು ಅಂಗೈ ಅಗಲದ ಪ್ಲೇಟುಗಳ ಮೇಲೆ. ಪ್ಲೇಟಿಗೆ ದಿನಾ ಎಣ್ಣೆ ಹಾಕಬೇಕು, ಇಲ್ಲದಿದ್ದರೆ ನಾಲಗೆ ಸರಿಯುವುದಿಲ್ಲ. ಪ್ಲೇಟಿನ ಕೆಳಗೆ ಸ್ಲೀಪರು, ಅಂದರೆ ಕಂಬಿಗೆ ಅಡ್ಡಲಾಗಿ ಹಾಸಿದ ಮರದ ದಿಮ್ಮಿ. ಪಕ್ಕದಲ್ಲಿ ನಿಂತ ಲಿವರನ್ನು ಎಳೆದರೆ ನಾಲಗೆ ಸರಿದು ಪಕ್ಕದ ಕಂಬಿಗೆ ಅಂಟಿಕೊಳ್ಳುತ್ತದೆ. ಸಂದು ಬಿಟ್ಟರೆ ಗಾಡಿಯ ಗಾಲಿ ಅದರೊಳಗೆ ಹೊಕ್ಕು ಕೆಳಗಿಳಿಯುತ್ತದೆ. ಅಷ್ಟೇ ವಿದ್ಯೆ.

ಬೇರೆ ಕಡೆಯ ಸ್ಲೀಪರುಗಳೆಲ್ಲ ಒಂದೇ ಅಳತೆ. ಪಾಯಿಂಟಿನ ಕೆಳಗೆ ಹಾಗಲ್ಲ. ನಾಲಗೆಯ ತುದಿಯಲ್ಲಿ ಎರಡು ಸ್ಲೀಪರು ವಿಪರೀತ ಉದ್ದ, ಯಾಕೆಂದರೆ ಹೊರಗೆ ಚಾಚಿದ ಅವುಗಳ ತಲೆಯ ಮೇಲೇ ಲಿವರನ್ನು ಮೊಳೆ ಹೊಡೆದು ಕೂರಿಸಿರುತ್ತಾರೆ. ನಮ್ಮ ಪಾಯಿಂಟಿನಲ್ಲಿ ಆ ಎರಡರಲ್ಲಿ ಒಂದು ಕೊಳೆತಿತ್ತು. ಬೆರಳಿನಿಂದ ಕೆದಕಿದರೆ ಹಳೇ ಬೆಲ್ಲದ ಹಾಗೆ ಉದುರುತ್ತಿತ್ತು. ಯಜಮಾನರು ಮರದ ಕೀಲು ಕೆತ್ತಿ, ಡಾಂಬರಿನಲ್ಲಿ ಅದ್ದಿ, ತೂತಿಗೆ ಬಡಿದು, ಅದರ ಮೇಲೆ ಮೊಳೆ ಹೊಡೆದು ದಿನ ತಳ್ಳುತ್ತಿದ್ದರು. ಸ್ಲೀಪರು ಬದಲಿಸುವುದು ಅವರ ಕೆಲಸವಲ್ಲ, ಕಂಬಿ ರಿಪೇರಿ ಮಾಡುವ ಗ್ಯಾಂಗಿನ ಮೇಸ್ತ್ರಿಯದು. ಮೇಸ್ತ್ರಿ ಕಂಡಾಗಲೆಲ್ಲ ಇವರು ಹೇಳುತ್ತಿದ್ದರು.

"ಉದ್ದದ್ದು ಬರಬೇಕಪ್ಪ. ಡಿಪೋದಾಗೆ ಇಲ್ಲ ಅಂತಾರೆ. ನಾನೇನು ನನ್ನ ತೊಡೆ ಕೊಯ್ದು ಹಾಕ್ಲಾ?" ಅನ್ನುತ್ತಿದ್ದ ಮೇಸ್ತ್ರಿ.

"ನಿಮ್ಮ ತೊಡೆ ಗಿಡ್ಡ ಐತೆ ಬಿಡ್ರಿ, ಅಳತೆಗೆ ಬರಲ್ಲ," ಅನ್ನುತ್ತಿದ್ದರು ಇವರು. ಇಬ್ಬರೂ ನಕ್ಕು ಬೀಡಿ ಹಚ್ಚುತ್ತಿದ್ದರು. ಹೀಗೇ ಮಳೆಗಾಲ ಕಳೆಯಿತು.

ಆಯುಧಪೂಜೆ ಬಂತು. ನನ್ನ ತವರಿನಲ್ಲಿ ಆ ದಿನ ಉಣ್ಣೆ ಕತ್ತರಿ, ಕುಡುಗೋಲು, ಕೊಡಲಿ ಎಲ್ಲವನ್ನೂ ಹುಣಸೆಹಣ್ಣು, ಬೂದಿ ಹಾಕಿ ಬೆಳ್ಳಗೆ ತಿಕ್ಕುತ್ತಿದ್ದೆವು. ಕೊಳೆಯ ಮೇಲೆ ಕುಂಕುಮ ಇಟ್ಟರೆ ಆ ಮನೆಯ ಹೆಂಗಸಿಗೆ ಮರ್ಯಾದೆ ಇಲ್ಲ. ಬೆಳಿಗ್ಗೆ ಯಜಮಾನರು ಸ್ಟೇಷನ್ನಿಗೆ ಹೊರಟವರು ಹೇಳಿದರು:

"ಲೇ, ಲಿವರಿಗೆ ಕುಂಕುಮ ಹಚ್ಚಿ ಎರಡು ಹೂ ಮಡಗು. ಕಾಯಿ ನಾನ್ ಬಂದು ಒಡೀತೀನಿ."

ಅವರು ಹೇಳಿದ್ದು ಅಷ್ಟೇ. ನಾನು ಹೋಗಿ ನೋಡಿದರೆ ಪ್ಲೇಟುಗಳ ಮೇಲೆ ಎಣ್ಣೆ, ಧೂಳು ಸೇರಿ ಕರ್ರಗೆ ಹೆಪ್ಪುಗಟ್ಟಿತ್ತು. ಮನೆಗೆ ಬಂದು ಹುಣಸೆಹಣ್ಣು, ಬೂದಿ, ಇಟ್ಟಿಗೆ ಪುಡಿ ಒಯ್ದೆ. ಒಂದೊಂದೇ ಪ್ಲೇಟನ್ನು ತೆಂಗಿನ ನಾರಿನಲ್ಲಿ ತಿಕ್ಕಿದೆ. ಹೊತ್ತು ನೆತ್ತಿಗೆ ಬಂದಾಗ ಎಲ್ಲ ಫಳಫಳ ಅನ್ನುತ್ತಿದ್ದವು. ವಿಭೂತಿ ಎಳೆದೆ, ಕುಂಕುಮ ಇಟ್ಟೆ. ಲಿವರಿನ ಬುಡಕ್ಕೆ ಚೆಂಡುಹೂವು ರಾಶಿ ಹಾಕಿದೆ. ಚೆನ್ನಾಗಿ ಕಂಡಿತು.

ಯಜಮಾನರು ಬಂದು ನಿಂತರು. ಬಗ್ಗಿ ಒಂದು ಪ್ಲೇಟಿನ ಮೇಲೆ ಬೆರಳು ಎಳೆದು ನೋಡಿದರು.

"ಲೇ, ಏನ್ ಮಾಡ್ದೆ?"

"ತೊಳೆದೆ ಕಣ್ರೀ. ಮುಖ ಕಾಣ್ತೈತೆ ನೋಡ್ರಿ."

"ಮುಖ ನೋಡ್ಕಳಾಕೆ ಮನ್ಯಾಗೆ ಕನ್ನಡಿ ಇಲ್ವಾ? ಎಣ್ಣೆ ಡಬ್ಬಿ ಎಲ್ಲೈತೆ?"

"ಅದನ್ನೂ ತೊಳ್ದೆ. ಜಗಲಿ ಮ್ಯಾಲೆ ಒಣಗಾಕೀನಿ."

ಅಷ್ಟರಲ್ಲಿ ಸ್ಟೇಷನ್ನಿನಲ್ಲಿ ಗಂಟೆ ಹೊಡೆಯಿತು. ಗೂಡ್ಸು ಬರುತ್ತಿತ್ತು. ಹಿಂದಿನಿಂದ ಬರುವ ಪ್ಯಾಸೆಂಜರಿಗೆ ದಾರಿ ಬಿಡಲು ಅದನ್ನು ಪಕ್ಕದ ಲೈನಿಗೆ ತಿರುಗಿಸಬೇಕು. ಸ್ಟೇಷನ್ನಿಗೆ ಹೋಗಿ ಬೇರೆ ಎಣ್ಣೆ ತರುವಷ್ಟು ಹೊತ್ತಿರಲಿಲ್ಲ. ನಾನು ಓಡಿ ಅಡುಗೆಯ ಕಡ್ಲೆಕಾಯಿ ಎಣ್ಣೆ ತಂದೆ. ಸುರಿದರು. ಪ್ಲೇಟಿನ ಸಂದಿನಲ್ಲಿ ಉಳಿದ ಇಟ್ಟಿಗೆ ಪುಡಿ ಅದನ್ನೆಲ್ಲ ಕುಡಿದುಬಿಟ್ಟಿತು. ಲಿವರು ಎಳೆದರೆ ಅರ್ಧಕ್ಕೆ ನಿಂತಿತು. ಅವರು ಸ್ಲೀಪರಿಗೆ ಕಾಲು ಕೊಟ್ಟು ಮೈಯೆಲ್ಲ ಬಿಟ್ಟು ಜಗ್ಗಿದರು. ದಡಲ್ ಅಂತ ಬಂದು ಕೂತಿತು. ಬಗ್ಗಿ ನೋಡಿದರು. ನಾಲಗೆ ಕಂಬಿಗೆ ಅಂಟಿತ್ತು. ನಾನೂ ನೋಡಿದೆ, ಅಂಟಿತ್ತು. ಹಸಿರು ಬಾವುಟ ತೋರಿಸಿದರು.

ಆ ಜಗ್ಗಾಟಕ್ಕೆ ಲಿವರಿನ ಬುಡದ ಮೊಳೆಗಳು ಕೊಳೆತ ಮರದಿಂದ ಅರ್ಧ ಎದ್ದಿದ್ದವು. ಅದು ಮಾತ್ರ ಇಬ್ಬರಿಗೂ ಕಾಣಲಿಲ್ಲ. ಅದರ ಮೇಲೆ ನನ್ನ ಹೂವಿತ್ತು.

ಎಂಜಿನ್ನು ಹೋಯಿತು. ಅದಕ್ಕೆ ಕಟ್ಟಿದ ಎರಡು ಗಾಡಿ ಹೋದವು. ಆ ಭಾರಕ್ಕೆ ಲಿವರು ಅಲುಗಾಡುತ್ತಾ ಬಂದು, ಮೂರನೆಯ ಗಾಡಿಗೆ ಬುಡಸಮೇತ ಓರೆಯಾಯಿತು. ನಾಲಗೆ ಬಿಟ್ಟುಕೊಂಡಿತು. ಅದೂ ಸೇರಿ ಮೂರು ಗಾಡಿ ಕಂಬಿ ಬಿಟ್ಟು ಇಳಿದು, ಸ್ಲೀಪರುಗಳನ್ನು ಉಳುತ್ತಾ ಹೋಗಿ ನಿಂತವು. ಖಾಲಿ ಗಾಡಿಗಳು, ಯಾರಿಗೂ ಏನೂ ಆಗಲಿಲ್ಲ. ಯಜಮಾನರು ಬಾವುಟ ಚಾಚಿದ್ದ ಕೈಯನ್ನು ಕೆಳಗಿಳಿಸಿರಲೇ ಇಲ್ಲ.

ಜನ ಓಡಿ ಬರುವ ಮೊದಲು ನನ್ನನ್ನು ಮನೆಯ ಕಡೆ ತಳ್ಳಿದರು. "ನೀನು ಪಾಯಿಂಟ್ ತಾಕೆ ಬಂದೇ ಇಲ್ಲ. ತಿಳೀತಾ? ತೊಳೆದೋನು ನಾನು. ಹೊರಗಿನೋರ ಕೈಗೆ ಪಾಯಿಂಟ್ ಕೊಟ್ಟ ಅಂತ ಗೊತ್ತಾದ್ರೆ ಕೆಲಸ ಪೂರಾ ಹೋಗ್ತೈತೆ."

ಸಂಜೆಯೊಳಗೆ ಗಾಡಿಗಳನ್ನು ಎತ್ತಿ ಕಂಬಿಯ ಮೇಲೆ ಕೂರಿಸುವ ಬ್ರೇಕ್‌ಡೌನ್ ರೈಲು ಬಂತು. ಅದರಲ್ಲಿ ಸಾಮಾನಿನ ಜೊತೆ ಉದ್ದದ ಸ್ಲೀಪರೂ ಬಂತು. ಹೊಸದು, ಇನ್ನೂ ಡಾಂಬರು ಜಿನುಗುತ್ತಿತ್ತು. ಅಷ್ಟು ದಿನ ಎಲ್ಲಿತ್ತೋ. ಗ್ಯಾಂಗಿನವರು ಹಳೆಯದನ್ನು ಕಿತ್ತು ಕೊಡಲಿಯಲ್ಲಿ ಸೀಳಿ, ತಮ್ಮ ಅನ್ನದ ಹಂಡೆಯ ಕೆಳಗೆ ತುರುಕಿದರು. ನಾನು ನೀರು ಕೊಡುವ ನೆಪದಲ್ಲಿ ಹೋಗಿದ್ದೆ.

"ಮೇಸ್ತ್ರಿಯಣ್ಣ, ಅದನ್ನ ಸುಡಬ್ಯಾಡ್ರಿ. ವಿಚಾರಣೆಗೆ ಬರೋ ಸಾಹೇಬ್ರು ನೋಡ್ಲಿ."

"ನೋಡಾಕೆ ಏನೈತವ್ವ ಇದ್ರಾಗೆ? ಮರ," ಅಂದ ಮೇಸ್ತ್ರಿ. ನನ್ನ ಮುಖ ನೋಡಲಿಲ್ಲ. "ನಿಂಗ್ಯಾಕೆ ಇದರ ಉಸಾಬರಿ? ಕೊಡ ಇಟ್ಟು ಹೋಗು."

ಅವನಿಗೂ ಕೆಲಸ ಇತ್ತು, ಮಕ್ಕಳಿದ್ದವು. ಅವನು ಅತ್ತ ತಿರುಗಿದಾಗ ಇನ್ನೂ ಹತ್ತದ ಒಂದು ತುಂಡನ್ನು ಎಳೆದುಕೊಂಡು ಸೆರಗಿನಲ್ಲಿ ಸುತ್ತಿದೆ. ಮೊಳದುದ್ದ. ಅದರ ತೂತಿನಲ್ಲಿ ಯಜಮಾನರು ಕೆತ್ತಿದ ಡಾಂಬರಿನ ಕೀಲು ಹಾಗೇ ಇತ್ತು.

ಮೂರನೆಯ ದಿನ ಕಂಬಿಯ ಮೇಲೆ ಆಳುಗಳು ತಳ್ಳುವ ಟ್ರಾಲಿಯಲ್ಲಿ ಸಾಹೇಬರು ಬಂದರು. ಹೊಂಗೆ ಮರದ ಕೆಳಗೆ ಮೇಜು ಹಾಕಿದರು. ಯಜಮಾನರು ಕೈಕಟ್ಟಿ ನಿಂತರು.

"ಪ್ಲೇಟುಗಳು ಅಷ್ಟು ಚೊಕ್ಕಟವಾಗಿದ್ದವಂತಲ್ಲ, ಯಾಕೆ?"

"ಪೂಜೆಗೆ ತೊಳೆದಿದ್ದೆ ಸ್ವಾಮಿ."

"ತೊಳೆದು ಎಣ್ಣೆ ಹಾಕಲಿಲ್ಲವಾ?"

"ಹಾಕ್ದೆ ಸ್ವಾಮಿ. ಕಡ್ಲೆಕಾಯಿ ಎಣ್ಣೆ."

"ವಡೆ ಕರಿಯೋದಿತ್ತಾ?" ಅಂದರು ಸಾಹೇಬರು. ಸುತ್ತ ನಿಂತವರು ನಕ್ಕರು. ಮೇಸ್ತ್ರಿಯೂ ನಕ್ಕ.

ನನಗೆ ತಡೆಯಲಿಲ್ಲ. ಹೋಗಿ ತುಂಡನ್ನು ಮೇಜಿನ ಮೇಲೆ ಇಟ್ಟೆ. "ಲಿವರಿನ ಕೆಳಗಿನ ಸ್ಲೀಪರು ಸ್ವಾಮಿ. ಇದು ಕೊಳೆತಿತ್ತು."

ಸಾಹೇಬರು ಅದನ್ನು ಮುಟ್ಟಲಿಲ್ಲ. "ಇದು ಆ ಸ್ಲೀಪರಿನದೇ ಅಂತ ನಿನಗೆ ಹೇಗೆ ಗೊತ್ತಮ್ಮ? ನೀನು ಪಾಯಿಂಟಿನ ಹತ್ತಿರ ಹೋಗಿದ್ದೆಯಾ?"

ಯಜಮಾನರ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು. ಹೌದು ಅಂದರೆ ತಿಕ್ಕಿದ್ದು ನಾನು ಅಂತ ಹೊರಗೆ ಬೀಳುತ್ತದೆ, ಕೆಲಸ ಹೋಗುತ್ತದೆ. ಇಲ್ಲ ಅಂದರೆ ಇದು ಬರೀ ಸೌದೆ. ಮೇಸ್ತ್ರಿಯಾದರೂ ಒಂದು ಮಾತು ಆಡುತ್ತಾನೇನೋ ಅಂತ ಕಾದೆ. ಅವನು ಕೆಮ್ಮಿದ, ಅಷ್ಟೇ.

"ಇಲ್ಲ ಸ್ವಾಮಿ. ಸೌದೆ ಆರಿಸಾಕೆ ಹೋಗಿದ್ದೆ, ಬಿದ್ದಿತ್ತು."

"ಹಾಗಾದರೆ ಒಲೆಗೆ ಒಯ್ಯಿ."

ಒಯ್ದೆ. ಇನ್ನೇನು ಮಾಡಲಿ.

ಸಂಜೆಗೆ ಹುಕುಂ ಆಯಿತು. ಕೆಲಸ ಪೂರ್ತಿ ಹೋಗಲಿಲ್ಲ. ಪಾಯಿಂಟ್ಸ್‌ಮನ್ ಕೆಲಸದಿಂದ ತೆಗೆದು, ಹೊಸದುರ್ಗದ ಕಡೆ ಗ್ಯಾಂಗಿನಲ್ಲಿ ಸುತ್ತಿಗೆ ಹಿಡಿಯಲು ಹಾಕಿದರು. ಕೋಣೆ ಹೊಸದಾಗಿ ಬರುವ ಪಾಯಿಂಟ್ಸ್‌ಮನ್ನಿಗೆ, ನಾವು ಖಾಲಿ ಮಾಡಬೇಕು. ಯಜಮಾನರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಬಹುದಿತ್ತು.

ನನ್ನ ತಿಕ್ಕಾಟದಿಂದ ಆಯಿತೋ, ಕೊಳೆತ ಮರದಿಂದ ಆಯಿತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಎಣ್ಣೆ ಇದ್ದಿದ್ದರೆ ಆ ಮರ ಇನ್ನೊಂದು ತಿಂಗಳು ತಾಳುತ್ತಿತ್ತು. ಮರ ಗಟ್ಟಿ ಇದ್ದಿದ್ದರೆ ಎಷ್ಟು ಜಗ್ಗಿದರೂ ಮೊಳೆ ಏಳುತ್ತಿರಲಿಲ್ಲ. ಸಾಯುವ ತನಕ ಅವರೂ ಈ ಮಾತು ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಎದ್ದು ಆ ತುಂಡನ್ನು ಸೀಳಿ ಒಲೆಗೆ ಇಟ್ಟೆ. ಒಳಗೆಲ್ಲ ಒದ್ದೆ, ಬರೀ ಹೊಗೆ. ಡಾಂಬರಿನ ಕೀಲು ಮಾತ್ರ ಚೆನ್ನಾಗಿ ಉರಿಯಿತು. ನೀರು ಉಗುರುಬೆಚ್ಚಗಾಯಿತು. ಯಜಮಾನರು ಅದರಲ್ಲೇ ಸ್ನಾನ ಮಾಡಿ, ರೊಟ್ಟಿ ಕಟ್ಟಿಕೊಂಡು ಗ್ಯಾಂಗಿಗೆ ಹೋದರು. ನಾನು ಅಟ್ಟದ ಮೇಲಿನ ಪಾತ್ರೆ ಇಳಿಸತೊಡಗಿದೆ.