ಹುಳದ ಮನೆಯಲ್ಲಿ ಆಡಿದ ಪಂದ್ಯ

ಮೊನ್ನೆ ಸೊಸೆ ಮೊಮ್ಮಗುವಿಗೆ ಹಚ್ಚಲೆಂದು ಹರಳೆಣ್ಣೆ ಬಿಸಿ ಮಾಡುತ್ತಿದ್ದಳು. ಒಳಗೆ ಕನ್ನಡಕ ಹುಡುಕುತ್ತಿದ್ದ ನನ್ನ ಮೂಗಿಗೆ ಆ ವಾಸನೆ ಬಡಿದದ್ದೇ ತಡ, ನೆನಪಾದದ್ದು ಮಗುವಲ್ಲ, ಫುಟ್‌ಬಾಲು. ಹಾಗೆಂದು ಹೇಳಿದ್ದಕ್ಕೆ ಸೊಸೆ ನಕ್ಕಳು. ಅವಳಿಗೇನು ಗೊತ್ತು... ಮುಳಬಾಗಿಲಿನಲ್ಲಿ ನಾವು ಬಾಡಿಗೆಗಿದ್ದ ಮನೆಯ ಜಗುಲಿಯಲ್ಲಿ ಮನೆಯ ಮಾಲೀಕರು, ನಾವು ಯಜಮಾನರು ಎನ್ನುತ್ತಿದ್ದವರು, ಶನಿವಾರ ಸಂಜೆಯಾದರೆ ಚರ್ಮದ ಚೆಂಡನ್ನು ತೊಡೆಯ ಮೇಲೆ ಇಟ್ಟುಕೊಂಡು, ಒಂದೊಂದು ಹೊಲಿಗೆಗೂ ಹರಳೆಣ್ಣೆ ತಿಕ್ಕುತ್ತಿದ್ದರು. ಬಾಣಂತಿ ಮನೆಯ ಅಜ್ಜಿಯರು ಕೂಸಿಗೆ ತಿಕ್ಕುತ್ತಾರಲ್ಲ, ಥೇಟ್ ಹಾಗೆಯೇ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಆಗಷ್ಟೇ ಪ್ರೈಮರಿ ಶಾಲೆಯ ಟೀಚರಾಗಿ ಆ ಊರಿಗೆ ಬಂದಿದ್ದೆ. ನನ್ನವರಿಗೆ ಶ್ರೀನಿವಾಸಪುರದಲ್ಲಿ ಕೆಲಸ. ಬೆಳಿಗ್ಗೆ ಬಸ್ಸು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಯಜಮಾನರದು ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ಷಾಪು. ಮನೆಯ ಮುಂದಿನ ಭಾಗದಲ್ಲಿ ಅವರು, ಹಿಂದಿನ ಭಾಗದಲ್ಲಿ ನಾವು. ನಡುವೆ ಒಂದು ಗೋಡೆ ಇತ್ತು, ಆದರೆ ಅದು ಹೆಂಚಿನವರೆಗೆ ಹೋಗಿರಲಿಲ್ಲ. ಅವರ ಮನೆಯ ಒಗ್ಗರಣೆಗೆ ನಾವು ಸೀನುತ್ತಿದ್ದೆವು, ನಮ್ಮ ಮನೆಯ ಜಗಳಕ್ಕೆ ಅವರು ಕೆಮ್ಮುತ್ತಿದ್ದರು.

ಊರಿನ ಫುಟ್‌ಬಾಲ್ ಕ್ಲಬ್ಬಿಗೆ ಅವರೇ ಮೇನೇಜರು. ದೊಡ್ಡ ಹುದ್ದೆಯೆಂದುಕೊಳ್ಳಬೇಡಿ. ಚೆಂಡಿಗೆ ಗಾಳಿ ತುಂಬುವವರು, ಬಲೆಗೆ ಗಂಟು ಹಾಕುವವರು, ಅಂಗಿಗಳನ್ನು ಸೋಪಿನ ನೀರಿನಲ್ಲಿ ನೆನೆಹಾಕುವವರು ಎಲ್ಲ ಅವರೇ. ಪಂದ್ಯದ ಮರುದಿನ ಹಿತ್ತಲಿನ ಹಗ್ಗದ ಮೇಲೆ ಹನ್ನೊಂದು ಹಳದಿ ಅಂಗಿಗಳು ನೇತಾಡುತ್ತಿದ್ದವು. ನನ್ನ ಸೀರೆಗೆ ಜಾಗವೇ ಇರುತ್ತಿರಲಿಲ್ಲ. ಅವರ ಹೆಂಡತಿ, ನಮ್ಮ ಯಜಮಾನಮ್ಮ, ಅದನ್ನು ನೋಡಿ ತಮ್ಮ ತೆಲುಗಿನಲ್ಲಿ "ಈಯನ್ಕಿ ಬಂತೇ ಪೆಳ್ಳಾಂ" ಅನ್ನುತ್ತಿದ್ದರು. ಈ ಮನುಷ್ಯನಿಗೆ ಚೆಂಡೇ ಹೆಂಡತಿ ಅಂತ. ಬೈಗುಳವೆಂದು ನಾನು ತಿಳಿದಿದ್ದೆ. ಅದರಲ್ಲಿ ಹೆಮ್ಮೆಯೂ ಇತ್ತು ಎಂದು ಆಮೇಲೆ ಅರ್ಥವಾಯಿತು.

ಹಿತ್ತಲಿನ ಗೋಡೆಯಾಚೆಗೇ ಮೈದಾನ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತರೆ ಎರಡೂ ಗೋಲುಗಳು ಕಾಣುತ್ತಿದ್ದವು. ಮೊದಮೊದಲು ಗಲಾಟೆ ಯಾಕೆಂದು ನೋಡಲು ಹತ್ತಿದೆ. ಆಮೇಲೆ ಗಲಾಟೆ ಇಲ್ಲದಿದ್ದರೂ ಹತ್ತಿದೆ. ಒಂದು ವರ್ಷದಲ್ಲಿ ಎಂಥಾ ಹುಚ್ಚು ಹತ್ತಿತೆಂದರೆ, ನಮ್ಮವರ ಗೋಲಿಗೆ ಚೆಂಡು ಬಿದ್ದ ದಿನ ನನ್ನ ಸಾರಿಗೆ ಉಪ್ಪು ಬೀಳುತ್ತಿರಲಿಲ್ಲ. ಅಂಥ ದಿನಗಳೇ ಹೆಚ್ಚಿದ್ದವು ಎಂದು ನನ್ನವರು ಈಗಲೂ ಛೇಡಿಸುತ್ತಾರೆ.

ಯಜಮಾನರು ಟೀಮು ಆರಿಸುವ ರೀತಿಯೇ ಬೇರೆ. ಆಟಗಾರರಲ್ಲಿ ಅರ್ಧ ಜನ ಸುತ್ತಲಿನ ಹಳ್ಳಿಯವರು, ರೇಷ್ಮೆ ಹುಳ ಸಾಕುವ ಮನೆಯವರು. ಹುಳ ಸೊಪ್ಪು ಬಿಟ್ಟು ಪೊರೆ ಕಳಚಲು ಮಲಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳ ಹಗಲೂ ರಾತ್ರಿ ತಿಂದು ವಾರದಲ್ಲಿ ಹಣ್ಣಾಗುತ್ತದೆ. ಹಣ್ಣಾದ ಹುಳವನ್ನು ಅವತ್ತೇ ಆರಿಸಿ, ಗೂಡು ಕಟ್ಟಲು ಚಂದ್ರಿಕೆ ಎನ್ನುವ ಬಿದಿರ ತಟ್ಟಿಗೆ ಬಿಡಬೇಕು. ತಡವಾದರೆ ನೂಲೆಲ್ಲ ಸೊಪ್ಪಿನ ಮೇಲೇ ಹೋಗುತ್ತದೆ. ಆ ದಿನ ಆ ಮನೆಯಿಂದ ಒಂದು ನರಪಿಳ್ಳೆಯೂ ಆಚೆ ಹೋಗುವಂತಿಲ್ಲ. ಯಜಮಾನರು ಯಾರ ಮನೆಯಲ್ಲಿ ಹುಳ ಎಷ್ಟನೇ ಜ್ವರದಲ್ಲಿದೆ ಎಂದು ಕೇಳಿಕೊಂಡೇ ಟೀಮು ಕಟ್ಟುತ್ತಿದ್ದರು. ಯಾರ ಆಟ ಹೇಗಿದೆ ಎಂದು ಮಾತ್ರ ಕೇಳುತ್ತಿರಲಿಲ್ಲ. ಒಮ್ಮೆ ಟೀಮಿಗೆ ಬಂದವನನ್ನು ಅವರು ತೆಗೆದದ್ದೇ ಇಲ್ಲ. ಎಲ್ಲರೂ ಅವರ ಜೊತೆಯಲ್ಲೇ ವಯಸ್ಸಾದರು. ಡಿಫೆನ್ಸಿನಲ್ಲಿದ್ದ ಎತ್ತರದ ಆಳಿಗೆ ನಾನು ನೋಡನೋಡುತ್ತಲೇ ಹೊಟ್ಟೆ ಬಂತು. ಸೋತ ದಿನ ಎಲ್ಲರಿಗೂ ಎರಡೆರಡು ದೋಸೆ ಕೊಡಿಸುತ್ತಿದ್ದರು, ಗೆದ್ದ ದಿನ ಒಂದೇ. ಗೆದ್ದವನಿಗೆ ಹೊಟ್ಟೆ ತುಂಬಿರುತ್ತೆ ಎನ್ನುವುದು ಅವರ ಲೆಕ್ಕ.

ಒಂದು ವರ್ಷ ಕೋಲಾರದ ಟೂರ್ನಮೆಂಟಿನಲ್ಲಿ ಚಿನ್ನದ ಗಣಿಯ ಕಡೆಯ ಟೀಮಿನೆದುರು ನಮ್ಮವರು ಮಾನ ಹೋಗುವ ಹಾಗೆ ಸೋತರು. ದೋಸೆ ತಿನ್ನಲೂ ಯಾರೂ ಬಸ್ಸಿನಿಂದ ಇಳಿಯಲಿಲ್ಲವಂತೆ. ಮುಂದಿನ ವಾರ ಕ್ಲಬ್ಬಿನ ಕಮಿಟಿಯ ಮೂರು ಜನ ಮನೆಗೆ ಬಂದರು. ಕಾಫಿ ಕುಡಿದರು. ಮಳೆ ಎಂದರು, ಗೂಡಿನ ರೇಟು ಎಂದರು, ಕಡೆಗೆ ಎದ್ದರು. ಮೂರನೆಯವರು ಚಪ್ಪಲಿ ಮೆಟ್ಟುತ್ತಾ, ಇನ್ನು ಮೇಲೆ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ಟೀಮು ನೋಡಿಕೊಳ್ಳುತ್ತಾರೆ ಎಂದು ಯಜಮಾನಮ್ಮನ ಮುಖ ನೋಡಿ ಹೇಳಿ ಹೊರಟೇಬಿಟ್ಟರು. ಗೋಡೆಯ ಈಚೆ ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತ್ತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಯಜಮಾನರು ಸಿಟ್ಟು ಮಾಡಲಿಲ್ಲ. ಮರುದಿನ ಅಂಗಿಗಳನ್ನೆಲ್ಲ ಇಸ್ತ್ರಿ ಮಾಡಿಸಿ, ಬಲೆ ಮಡಿಸಿ, ಚೆಂಡು, ಪಂಪು, ಸೀಟಿ ಎಲ್ಲವನ್ನೂ ಸೈಕಲ್ಲಿಗೆ ಕಟ್ಟಿಕೊಂಡು ಮೇಷ್ಟ್ರ ಮನೆಗೆ ತಾವೇ ಕೊಟ್ಟು ಬಂದರು. ಪಂಪಿನ ವಾಷರ್ ಸವೆದಿದೆ, ಸ್ವಲ್ಪ ಎಂಜಲು ಹಚ್ಚಿದರೆ ನಡೆಯುತ್ತೆ ಎಂದು ಹೇಳಿ ಬಂದರಂತೆ. ಆವತ್ತಿನಿಂದ ಮೈದಾನದ ಕಡೆಗೆ ತಲೆ ಹಾಕಲಿಲ್ಲ. ಹಿತ್ತಲಿನ ಹಗ್ಗದ ಮೇಲೆ ನನ್ನ ಸೀರೆಗಳು ಹಾಯಾಗಿ ಒಣಗಿದವು. ನೋಡಿದರೆ ಅಳು ಬರುತ್ತಿತ್ತು.

ಪಿ.ಟಿ. ಮೇಷ್ಟ್ರಿಗೆ ಮೂವತ್ತೂ ಆಗಿರಲಿಲ್ಲ. ಬೆಂಗಳೂರಿನಲ್ಲಿ ತರಬೇತಾಗಿ ಬಂದವರು. ಬಂದವರೇ ಹಳಬರನ್ನೆಲ್ಲ ಮನೆಗೆ ಕಳಿಸಿದರು. ಹೊಟ್ಟೆಯವನೂ ಹೋದ, ಕೈ ಸೋತ ಗೋಲ್‌ಕೀಪರನೂ ಹೋದ. ಹೊಸ ಹುಡುಗರನ್ನು ತಂದು ಬೆಳಗಿನ ಜಾವ ಓಡಿಸಿದರು. ಕಲ್ಲಿನ ಮೇಲೆ ನಿಂತು ನಾನು ಆ ಟೀಮು ಎಡವಿ ಬೀಳಲೆಂದೇ ಕಾಯುತ್ತಿದ್ದೆ. ಆದರೆ ಏನು ಹೇಳಲಿ... ತಿಂಗಳು ಕಳೆಯುವುದರಲ್ಲಿ ಚೆಂಡು ಕಾಲಿಂದ ಕಾಲಿಗೆ ಓಡತೊಡಗಿತು. ನಮ್ಮವರು ಆವರೆಗೆ ಚೆಂಡನ್ನು ಆಕಾಶಕ್ಕೆ ಒದ್ದು ದೇವರ ಮೇಲೆ ಭಾರ ಹಾಕುತ್ತಿದ್ದರು. ಇವರದು ನೆಲದ ಮೇಲಿನ ಆಟ. ತಾಯಲೂರಿನ ಕಡೆಯಿಂದ ಬರುತ್ತಿದ್ದ ಒಬ್ಬ ತರುಣನಂತೂ ಎದುರಾಳಿಗಳ ನಡುವೆ ನುಸುಳಿ ಹೋಗುವುದನ್ನು ನೋಡಿದರೆ ಮೈ ಜುಂ ಎನ್ನುತ್ತಿತ್ತು. ಅವನನ್ನು ಎಲ್ಲರೂ ತಾಯಲೂರಿನವನು ಎಂದೇ ಕರೆಯುತ್ತಿದ್ದರು. ಚಪ್ಪಾಳೆ ತಟ್ಟಬಾರದೆಂದು ಎಷ್ಟು ಹಟ ಮಾಡಿದರೂ ಕೈ ತಾನೇ ತಟ್ಟಿತು.

ಕಲ್ಲಿನಿಂದ ಇಳಿದು ಬಂದರೆ ಯಜಮಾನರು ಜಗುಲಿಯಲ್ಲಿ ಮೈದಾನಕ್ಕೆ ಬೆನ್ನು ಹಾಕಿ ಕೂತಿರುತ್ತಿದ್ದರು. ಅದೂ ಇದೂ ಮಾತಾಡಿ, ಕಡೆಗೆ ಮಳೆ ಬರುತ್ತದೋ ಎಂದು ಕೇಳುವ ಧಾಟಿಯಲ್ಲಿ, ಇವತ್ತು ಹೇಗಿತ್ತು ಎನ್ನುತ್ತಿದ್ದರು. ನಾನು ಮೊದಲು ಅವರ ಮನಸ್ಸಿಗೆ ನೋವಾಗದಿರಲೆಂದು ಅಷ್ಟಕ್ಕಷ್ಟೇ ಎಂದೆ. ಅವರು ನಕ್ಕುಬಿಟ್ಟರು.

"ಸುಳ್ಳು ಹೇಳ್ಬೇಡಿ ಟೀಚರಮ್ಮ. ನೀವು ಚಪ್ಪಾಳೆ ತಟ್ಟಿದ್ದು ಇಲ್ಲಿಗೇ ಕೇಳಿಸ್ತು."

ಆಮೇಲೆ ನಾನು ಇದ್ದದ್ದು ಇದ್ದಂತೆ ಹೇಳಿದೆ. ದಿನವೂ ಹೇಳಿದೆ. ತಾಯಲೂರಿನವನ ಆಟವನ್ನು ಅವರು ಎರಡೆರಡು ಸಲ ಹೇಳಿಸಿಕೊಳ್ಳುತ್ತಿದ್ದರು.

ಮತ್ತೆ ಕೋಲಾರದ ಟೂರ್ನಮೆಂಟು ಬಂತು. ನಮ್ಮ ಹೊಸ ಟೀಮು ಫೈನಲ್ ತನಕ ಹೋಯಿತು. ಭಾನುವಾರ ಪಂದ್ಯ, ಎದುರಿಗೆ ಅದೇ ಗಣಿಯ ಕಡೆಯವರು. ಗುರುವಾರ ಸಂಜೆ ಮೇಷ್ಟ್ರು ತಾಯಲೂರಿನವನ ಹಳ್ಳಿಗೆ ಹೋಗಿ ಒಂದು ಅನಾಹುತ ಮಾಡಿಕೊಂಡು ಬಂದರು. ಆಟಗಾರನೊಬ್ಬನ ಕಾಲಿಗೆ ಘಾಟು ನೋವಿನೆಣ್ಣೆ ತಿಕ್ಕಿದ ಕೈಯಲ್ಲೇ, ಕ್ಯಾನ್ವಾಸ್ ಬೂಟಿನಲ್ಲೇ, ಅವನನ್ನು ಕೂಗುತ್ತಾ ಸೀದಾ ಹುಳದ ಮನೆಯೊಳಗೆ ನುಗ್ಗಿಬಿಟ್ಟಿದ್ದರು. ಪೇಟೆಯಲ್ಲಿ ಬೆಳೆದವರಿಗೆ ಏನು ಗೊತ್ತಾಗಬೇಕು. ನಮ್ಮಲ್ಲಿ ಮನೆಯವರೇ ಸ್ನಾನ ಮಾಡಿ, ಕಾಲು ತೊಳೆದು ಒಳಗೆ ಹೋಗುತ್ತಾರೆ; ಹೊರಗಿನಿಂದ ಹಾಗೇ ಬಂದವರ ನೆರಳೂ ಸೋಕಬಾರದು. ಮರುದಿನ ಒಂದೆರಡು ತಟ್ಟೆಯ ಹುಳ ಸೊಪ್ಪು ಮುಟ್ಟಲಿಲ್ಲವಂತೆ. ಭಾನುವಾರಕ್ಕೇ ಹುಳ ಹಣ್ಣಾಗುವುದಿತ್ತು ಬೇರೆ. ಅವನ ತಾಯಿ, ಫುಟ್‌ಬಾಲೂ ಬೇಡ, ಆ ಮೇಷ್ಟ್ರ ಮುಖವೂ ಬೇಡ, ಮಗ ಹೊಸಿಲು ದಾಟುವ ಹಾಗಿಲ್ಲ ಎಂದುಬಿಟ್ಟರು.

ಶುಕ್ರವಾರ ಸಂಜೆ ಮೇಷ್ಟ್ರು ನಮ್ಮ ಮನೆಗೆ ಬಂದು ಇದನ್ನೆಲ್ಲ ಹೇಳಿಕೊಂಡರು. ವಕ್ಕಲೇರಿಯ ನನ್ನ ತವರಿನಲ್ಲೂ ಹುಳ ಸಾಕುತ್ತಿದ್ದರು, ನಾನಾದರೂ ಆ ತಾಯಿಯ ಹತ್ತಿರ ಮಾತಾಡಲಿ ಎಂದು ಅವರ ಆಸೆ. ಅವನಿಲ್ಲದೆ ಟೀಮೇ ಇಲ್ಲ, ಈ ಸಲ ಸೋತರೆ ಕಮಿಟಿಯವರು ಕ್ಲಬ್ಬನ್ನೇ ಮುಚ್ಚುತ್ತಾರೆ ಎನ್ನುವಾಗ ಅವರ ದನಿ ಒಡೆದಿತ್ತು. ಗೋಡೆಯ ಆಚೆ ಕೆಮ್ಮು ಕೇಳಿಸಲಿಲ್ಲ. ಹುಳ ಹಣ್ಣಾಗುವ ದಿನ ಯಾರ ಮಾತೂ ನಡೆಯದು ಎಂದು ಹೇಳಿ ನಾನು ಮೇಷ್ಟ್ರನ್ನು ಕಳಿಸಿಬಿಟ್ಟೆ.

ಶನಿವಾರ ಬೆಳಿಗ್ಗೆ ಯಜಮಾನರು ಸ್ನಾನ ಮಾಡಿ, ಮಡಿ ಪಂಚೆ ಉಟ್ಟು ಎಲ್ಲೋ ಹೊರಟರು. ಮಧ್ಯಾಹ್ನ ಬಂದವರೇ ಹಿತ್ತಲಿಗೆ ಬಂದು ನಿಂತರು. ಆ ತಾಯಿಯ ಬಾಗಿಲಲ್ಲಿ ಕಾಲು ತೊಳೆದುಕೊಂಡು, ಒಳಗೆ ಹೋಗದೆ ಹೊರಗೇ ಕೂತು, ನಿಮ್ಮ ಒಬ್ಬ ಮಗನ ಬದಲಿಗೆ ಹನ್ನೊಂದು ಜನ ಕೊಡುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದರು. ಮೇಷ್ಟ್ರು ತೆಗೆದುಹಾಕಿದ ಹಳಬರ ಮನೆಗಳಿಗೆಲ್ಲ ಹೋಗಿದ್ದಾಯಿತು. ಹುಳದ ಕೆಲಸ ಬಲ್ಲವರೆಲ್ಲ ತಮ್ಮ ಮನೆಯ ಹುಳ ಬಿಟ್ಟು ಬರುವಂತಿರಲಿಲ್ಲ. ಮಿಕ್ಕವರಲ್ಲಿ ಒಪ್ಪಿದವರು, ತಮ್ಮನ್ನೂ ಸೇರಿಸಿ, ಹತ್ತು.

"ಒಬ್ರು ಕಮ್ಮಿ ಟೀಚರಮ್ಮ. ನೀವು ಬರ್ತೀರಾ?"

ಕೋಲಾರಕ್ಕೆ ಪಂದ್ಯ ನೋಡಲು ಹೋಗಬೇಕೆಂದು ನಾನು ಒಂದು ತಿಂಗಳಿಂದ ಕಾದಿದ್ದೆ. ನನ್ನವರನ್ನು ಕಾಡಿ ಬೇಡಿ ಒಪ್ಪಿಸಿದ್ದೆ. ಆದರೆ ಯಜಮಾನರ ಮುಖ ನೋಡಿ, ಬರುತ್ತೇನೆ ಎಂದುಬಿಟ್ಟೆ.

ಭಾನುವಾರ ತಾಯಲೂರಿನವನು ಕೋಲಾರದ ಬಸ್ಸು ಹತ್ತಿದ, ನಾವು ಅವನ ಮನೆ ಸೇರಿದೆವು. ಪಂಪ್‌ಸೆಟ್ಟಿನ ಕೆಳಗೆ ಗಂಡಸರೆಲ್ಲ ಸಾಲಾಗಿ ಸ್ನಾನ ಮಾಡಿದರು. ಗೋಲ್‌ಕೀಪರನನ್ನು ಯಜಮಾನರು ಬಾಗಿಲಲ್ಲಿ ನಿಲ್ಲಿಸಿದರು. ಕಾಲು ತೊಳೆಯದ ಯಾರನ್ನೂ ಅವನು ಒಳಗೆ ಬಿಡಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಒಂದನ್ನೂ ಬಿಟ್ಟುಕೊಡಲಿಲ್ಲ ಎಂದು ಉಳಿದವರು ಗೇಲಿ ಮಾಡಿದರು. ಎತ್ತರದ ಆಳೆಂದು ಹೊಟ್ಟೆಯವನಿಗೆ ಮೇಲಿನ ತಟ್ಟೆಗಳು. ಹುಳದ ಕುತ್ತಿಗೆಯನ್ನು ಬೆಳಕಿಗೆ ಹಿಡಿದರೆ ಗಾಜಿನ ಹಾಗೆ ಕಾಣಬೇಕು, ಅದೇ ಹಣ್ಣಾದದ್ದು ಎಂದು ನಾನೂ ಆ ತಾಯಿಯೂ ತೋರಿಸಿಕೊಟ್ಟೆವು. ಆ ದಪ್ಪ ದಪ್ಪ ಬೆರಳಿನವರು ಉಸಿರು ಬಿಗಿಹಿಡಿದು ಒಂದೊಂದೇ ಹುಳ ಎತ್ತುತ್ತಿದ್ದರು. ಯಜಮಾನರು ತಟ್ಟೆಯಿಂದ ತಟ್ಟೆಗೆ ಓಡಾಡುತ್ತಾ, ಎಡಗಡೆ ನೋಡ್ಕೋ, ಹಿಂದೆ ಖಾಲಿ ಬಿಡಬೇಡ ಎಂದು ಮೆಲುದನಿಯಲ್ಲಿ ಹೇಳುತ್ತಿದ್ದರು. ಮಧ್ಯಾಹ್ನ ಮುದ್ದೆ ಉಂಡೆವು. ಆಮೇಲೊಮ್ಮೆ ಅವರು ಹೊರಗೆ ಹೋಗಿ ಹೊತ್ತು ನೋಡಿ ಬಂದು, ಈಗ ಶುರುವಾಗಿರುತ್ತೆ ಎಂದರು. ಅಲ್ಲಿಂದ ಯಾರೂ ಗೇಲಿ ಮಾಡಲಿಲ್ಲ. ಎಲ್ಲರ ಕೈ ಇಲ್ಲಿ, ಜೀವ ಕೋಲಾರದಲ್ಲಿ.

ಹೊತ್ತು ಇಳಿಯುವುದರಲ್ಲಿ ಕೊನೆಯ ಚಂದ್ರಿಕೆಯನ್ನೂ ನೆರಳಿಗೆ ಒರಗಿಸಿದೆವು. ಆ ತಾಯಿ ನಮಗೆಲ್ಲ ಕಾಫಿ ಕೊಡುತ್ತಿದ್ದಾಗ ತಾಯಲೂರಿನವನು ಬೂಟನ್ನು ಕತ್ತಿಗೆ ನೇತುಹಾಕಿಕೊಂಡು ಬದುವಿನ ಮೇಲೆ ಓಡಿಬಂದ. ಬಾಯಿ ತೆರೆಯುವ ಮೊದಲೇ ಯಜಮಾನರು ಕೈ ಅಡ್ಡ ಹಿಡಿದರು.

"ಮೊದ್ಲು ಕಾಲು ತೊಳ್ಕೊಳೋ. ಆಮೇಲೆ ಹೇಳು."

ಗೆದ್ದಿದ್ದರು. ಒಂದೇ ಗೋಲು, ಅವನದೇ. ಹಳೆಯ ಆಟಗಾರರೆಲ್ಲ ಅವನನ್ನು ಎತ್ತಿಕೊಂಡು ಕುಣಿದರು. ಯಜಮಾನರು ಮಾತ್ರ ಬದುವಿನ ಕಡೆ ಮುಖ ಮಾಡಿ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು. ಹೊರಡುವಾಗ ಆ ತಾಯಿ ಮಗನಿಂದಲೂ, ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮೆಲ್ಲರಿಂದಲೂ ಆಣೆ ಮಾಡಿಸಿಕೊಂಡರು.

"ಮೇಷ್ಟ್ರಿಗೆ ಯಾರೂ ಹೇಳ್ಬೇಡಿ. ಕಷ್ಟಪಟ್ಟು ಕಟ್ಟವ್ರೆ. ಅವರ ಟೀಮು ಅವರದಾಗೇ ಇರ್ಲಿ."

ಯಾರೂ ಹೇಳಲಿಲ್ಲ. ತಾಯಿಯ ಮನಸ್ಸು ತಾನಾಗಿ ಕರಗಿತು ಎಂದೇ ಮೇಷ್ಟ್ರು ನಂಬಿದ್ದರು. ಮರುದಿನ ಕಪ್ಪು ಹಿಡಿದು ಮೆರವಣಿಗೆ ನಮ್ಮ ಬೀದಿಯಲ್ಲಿ ಬಂದಾಗ ಮೇಷ್ಟ್ರ ಕೊರಳಲ್ಲಿ ಹಾರ, ಯಜಮಾನರು ಜಗುಲಿಯಲ್ಲಿ ನಿಂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು. ನನಗೆ ಆಗ ಅನ್ಯಾಯ ಎನಿಸಿತ್ತು. ಈಗ ಹಾಗೆ ಅನಿಸುವುದಿಲ್ಲ.

ಎಂಬತ್ತರ ದಶಕದ ನಡುವಿನಲ್ಲಿ ನನಗೆ ಮಾಲೂರಿಗೆ ವರ್ಗವಾಯಿತು. ಯಜಮಾನರು ತೀರಿಕೊಂಡ ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ತಿಥಿಯೂ ಮುಗಿದಿತ್ತು. ಹೋಗಿ ಯಜಮಾನಮ್ಮನ ಪಕ್ಕ ಕೂತೆ. ಕೊನೆಗಾಲದಲ್ಲಿ ನಿದ್ದೆ ಬರದಿದ್ದಾಗ ಅವರು ತಮ್ಮ ಹಳೆಯ ಟೀಮುಗಳನ್ನು ವರ್ಷವರ್ಷವಾಗಿ ಹೇಳಿಕೊಳ್ಳುತ್ತಿದ್ದರಂತೆ. ಗೋಲಿನಲ್ಲಿ ಇಂಥವನು, ಹಿಂದೆ ಇಂಥವನು, ಬಲಗಡೆ ಇಂಥವನು... ಅವರನ್ನು ತೆಗೆದ ಆಮೇಲಿನ ವರ್ಷದ್ದೂ ಒಂದು ಟೀಮು ಹೇಳುತ್ತಿದ್ದರು, ಅದು ಯಾವುದೋ ನನಗೆ ತಿಳಿಯಲಿಲ್ಲ ಎಂದು ಆಕೆ ಅಂದರು.

"ಅದ್ರಾಗೆ ಎಡಗಡೆ ನಿಮ್ಮನ್ನ ಸೇರಿಸ್ತಿದ್ರಮ್ಮ. ಎಡಗಡೆ ಟೀಚರಮ್ಮ ಅಂತಿದ್ರು."

ಮೊನ್ನೆ ಮಗುವಿಗೆ ನೀರು ಹಾಕಿ ಮಲಗಿಸಿದ ಮೇಲೆ ನಾನೂ ಆ ಟೀಮನ್ನು ಹೇಳಿ ನೋಡಿದೆ. ಬಾಗಿಲಲ್ಲಿ ಗೋಲ್‌ಕೀಪರ್, ಮೇಲಿನ ತಟ್ಟೆಗೆ ಹೊಟ್ಟೆಯವನು, ಎಡಗಡೆ ನಾನು... ನಡುವಿನ ಮೂರು ನಾಲ್ಕು ಮುಖಗಳು ಬರಲೇ ಇಲ್ಲ. ಕೇಳೋಣವೆಂದರೆ ಆ ಹನ್ನೊಂದನ್ನು ಪೂರ್ತಿಯಾಗಿ ಬಲ್ಲವರು ಯಜಮಾನರೊಬ್ಬರೇ ಇದ್ದದ್ದು.