ಎದುರು ಮನೆಯ ಮುಂದೆ ನಮ್ಮ ಕಲ್ಲು

ಜೆಸಿಬಿ ನಮ್ಮ ಗಲ್ಲಿಯ ಮೋರಿಯ ಮೇಲಿಂದ ಮೊದಲ ಫರ್ಸಿ ಕಲ್ಲನ್ನು ಎತ್ತಿದಾಗ ಬಂದ ವಾಸನೆಗೆ ಎಲ್ಲರೂ ಸೆರಗು, ಕರವಸ್ತ್ರ ಮೂಗಿಗೆ ಹಿಡಿದು ಒಳಗೆ ಓಡಿದರು. ನಾನು ಮಾತ್ರ ಬಾಗಿಲಲ್ಲೇ ನಿಂತೆ. ಮೋರಿಯ ವಾಸನೆಯೇ, ಅದನ್ನು ಮಲ್ಲಿಗೆ ಅನ್ನುವಷ್ಟು ಸುಳ್ಳು ಹೇಳಲಾರೆ. ಆದರೆ ಆ ಕೊಳೆಯ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು: ಹಳೆಯ ಸುಣ್ಣದ್ದು, ಎಷ್ಟೋ ವರ್ಷ ಬಿಸಿಲು ಕಾಣದ ತಣ್ಣನೆಯ ಕಲ್ಲಿನದು, ಉಳಿ ತಾಗಿದಾಗ ಏಳುವ ಕಲ್ಲುಹಿಟ್ಟಿನದು. ನಮ್ಮ ಮುತ್ಯಾನ ಅಂಗಿ ನಾರುತ್ತಿದ್ದದ್ದು ಹೀಗೆಯೇ. ಐವತ್ತು ದಾಟಿದ, ಶಾಲೆಯಲ್ಲಿ ಮಕ್ಕಳನ್ನು ಗದರಿಸುವ ಹೆಂಗಸು ನಾನು, ಅಗೆದ ಮೋರಿಯ ಮುಂದೆ ನಿಂತು ಕಣ್ಣೊರೆಸಿಕೊಂಡೆ. ಹೊಸ ಪೈಪು ಇಳಿಸಲು ಬಂದಿದ್ದ ಕೆಲಸದವನೊಬ್ಬ, "ಮೇಡಂ, ಒಳಗ ಹೋಗ್ರಿ, ಕಣ್ಣಾಗ ಧೂಳ ಬೀಳ್ತದ" ಎಂದ. ಧೂಳೇ ಅಂತ ತಿಳಿದುಕೋ ಮಾರಾಯ ಎಂದು ಮನಸ್ಸಿನಲ್ಲೇ ಅಂದು ಅಲ್ಲೇ ನಿಂತೆ.

ನಮ್ಮ ತಾಂಡೂರಿನಲ್ಲಿ ಕಲ್ಲಿಗೆ ಬರವಿಲ್ಲ. ನೆಲಕ್ಕೂ ಅದೇ, ಗೋಡೆಗೂ ಅದೇ, ಹೊಲದ ಬದುವಿನ ಮೇಲೆ ಸಾಲಾಗಿ ನಿಂತದ್ದೂ ಅದೇ ನೀಲಿ ಫರ್ಸಿ. ಮುತ್ಯಾ, ಅಂದರೆ ನಮ್ಮ ಅಪ್ಪನ ಅಪ್ಪ, ಖಣಿಯಲ್ಲಿ ಈ ಫರ್ಸಿ ಬಿಡಿಸುತ್ತಿದ್ದ. ನೆಲದೊಳಗೆ ಪದರ ಪದರವಾಗಿ ಮಲಗಿದ ಕಲ್ಲನ್ನು ಸೀಳು ಬೀಳದಂತೆ ಎಬ್ಬಿಸುವ ಕೆಲಸ. "ಕಲ್ಲ ಒಡ್ಯೂದು ಕೋಣನ ಕೆಲಸ, ಬಿಡಿಸೂದು ಮನಶ್ಯಾರ ಕೆಲಸ" ಅನ್ನುತ್ತಿದ್ದ. ಮನೆಯ ಯಜಮಾನಿಕೆ ಮಾತ್ರ ಆಯಿಯದು, ನಮ್ಮ ಅಜ್ಜಿಯದು. ತೊಗರಿಬೇಳೆ ಗಿರಣಿಯ ಗುಮಾಸ್ತನಾಗಿದ್ದ ಅಪ್ಪ, ಅವ್ವ, ಇನ್ನೂ ಮದುವೆಯಾಗದ ಕಾಕಾ, ನಾನು, ಎಲ್ಲರೂ ಅವಳ ಕೈಕೆಳಗೆ. ಗಲ್ಲಿಯ ಕೊನೆಯಲ್ಲಿ ಎದುರುಬದುರಾಗಿದ್ದ ಎರಡು ಮನೆಗಳಲ್ಲಿ ಒಂದು ನಮ್ಮದಾದರೆ ಇನ್ನೊಂದು ನರಸಮ್ಮತ್ತಿಯದು. ಆಕೆ ಧಾರೂರು ಕಡೆಯಿಂದ ತೆಲುಗು ಮಾತಾಡುತ್ತ ಸೊಸೆಯಾಗಿ ಬಂದು, ನಮ್ಮ ಆಯಿಯ ಬಾಯಿಂದ ಕನ್ನಡ ಕಲಿತವಳು. ಆಕೆಯ ಗಂಡ ಹಣಮಂತ ಮಾಮಾ ರೈಲು ವ್ಯಾಗನ್ನಿಗೆ ಫರ್ಸಿ ಹೇರುತ್ತಿದ್ದರು. ಮುತ್ಯಾ ಬಿಡಿಸಿದ್ದನ್ನು ಮಾಮಾ ಹೇರುವುದು, ಇಬ್ಬರೂ ಸಂಜೆ ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವುದು ನಡೆದುಬಂದ ರೂಢಿಯಾಗಿತ್ತು.

ಆಗ ಮೋರಿ ತೆರೆದೇ ಇತ್ತು. ಗಲ್ಲಿಯ ಎರಡೂ ಬದಿಗೆ ಹರಿದು ಬಂದು, ನಮ್ಮ ಬದಿಯದು ಅಡ್ಡ ದಾಟಿ, ನರಸಮ್ಮತ್ತಿಯ ಬಾಗಿಲ ಮುಂದೆ ಎರಡೂ ಸೇರಿ ತಿರುಗಿ ಹಳ್ಳದ ಕಡೆ ಹೋಗುತ್ತಿದ್ದವು. ಬೆಳಿಗ್ಗೆ ಬಚ್ಚಲುಗಳಿಂದ ನೀರು ಬೀಳುವ ಸದ್ದು ಒಂದೊಂದಾಗಿ ಏಳುವುದು, ಸೀಗೆಕಾಯಿಯ ಘಮ, ಒಲೆಯ ಹೊಗೆ, ನೆನೆದ ಸೆಗಣಿಯ ನೆಲ. ಆಯಿ ಕಟ್ಟೆಯ ಮೇಲೆ ಕೂತು ಹರಿಯುವ ನೀರು ನೋಡಿಯೇ ಗಲ್ಲಿಯ ಸುದ್ದಿ ಹೇಳುತ್ತಿದ್ದಳು. ಅರಿಶಿನ ನೀರು ಬಂತೆಂದರೆ ಯಾರದೋ ಮನೆಯಲ್ಲಿ ಮದುವೆಯ ಮಂಗಳಸ್ನಾನ, ನೀಲಿ ಬಂತೆಂದರೆ ಯಾರೋ ಬಿಳಿ ಅಂಗಿ ತೊಳೆದು ಊರಿಗೆ ಹೊರಟಿದ್ದಾರೆ. "ಮ್ಯಾಲಿನ ಮನ್ಯಾಗ ಇವತ್ತ ಹೋಳಿಗಿ ಅದ ನೋಡ್ರೆವ್ವಾ, ಬ್ಯಾಳಿ ತೊಳದ ನೀರು ದಂಡಿ ಬರಾಕತ್ತದ" ಎಂದು ಆಕೆ ಅಂದರೆ ನಾವು ಮಕ್ಕಳು ಏನಾದರೊಂದು ನೆಪ ಮಾಡಿಕೊಂಡು ಆ ಮನೆಗೆ ಹೋಗಿ ನಿಲ್ಲುತ್ತಿದ್ದೆವು. ಒಮ್ಮೆಯೂ ಬರಿಗೈಲಿ ಬಂದದ್ದಿಲ್ಲ.

ಈ ತೆರೆದ ಮೋರಿಗೆ ಮುಚ್ಚಳ ಬಿದ್ದದ್ದು ನಮ್ಮ ಕಾಕಾನ ಪುಣ್ಯದಿಂದ. ನಾರಾಯಣಖೇಡದ ಕನ್ಯೆ ನೋಡಲು ಹೊರಟ ದಿನ, ಹೊಸ ಟೆರಿಕಾಟ್ ಪ್ಯಾಂಟು ತೊಟ್ಟು, ತಲೆಗೆ ಎಣ್ಣೆ ಹಚ್ಚಿ, ಕಿಟಕಿಯ ಗಾಜಿನಲ್ಲಿ ಹಿಂದೆ ತಿರುಗಿ ಮುಖ ನೋಡಿಕೊಳ್ಳುತ್ತಲೇ ಮೋರಿ ದಾಟಲು ಹೋಗಿ ಮೊಣಕಾಲಿನ ತನಕ ಇಳಿದುಬಿಟ್ಟ. ಬಸ್ಸಿಗೆ ಹೊತ್ತಾಗಿತ್ತು. ಅಪ್ಪನ ದೊಗಳೆ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಕನ್ಯೆ ನೋಡಿ ಬಂದ. ಕನ್ಯೆ ಒಪ್ಪಿದಳು. "ಪ್ಯಾಂಟ್ ಬಿಟ್ರ ಬಿದ್ದೇ ಹೋಗ್ತದಂತ ಬಡಪಾಯಿ ಉಪ್ಪಿಟ್ಟೂ ತಿನ್ನಲಿಲ್ಲ, ನನಗ ಕರುಣಾ ಬಂತು" ಎಂದು ಕಾಕಿ ಆಮೇಲೆ ಎಲ್ಲರ ಮುಂದೆ ಹೇಳಿ ನಗಿಸುತ್ತಿದ್ದಳು. ಆದರೆ ಅಂದು ಗಲ್ಲಿ ನಗಲಿಲ್ಲ. ಮರ್ಯಾದೆ ಹೋಯಿತೆಂದುಕೊಂಡಿತು. ಊರಿಗೆಲ್ಲ ಫರ್ಸಿ ಕೊಡುವ ಮಂದಿಯ ಗಲ್ಲಿಯಲ್ಲೇ ಮೋರಿ ಬಾಯಿ ತೆರೆದು ಬಿದ್ದಿದೆಯಲ್ಲ!

ಕಟ್ಟೆಯ ಮೇಲೆ ಎಲ್ಲರೂ ಸೇರಿದರು. ಮನೆಗೊಂದು ಕಲ್ಲು ಹಾಕುವುದೆಂದು ಮಾತಾಯಿತು. ಆಗ ಆಯಿ ಒಳಗಿನಿಂದ ಬಂದು ಒಂದು ಮಾತು ಹೇಳಿದಳು. "ತಮ್ ಮನೀ ಮುಂದ ಯಾರೂ ಹಾಕಬ್ಯಾಡ್ರಿ. ಎದುರಿನವರ ಮನೀ ಮುಂದ ಹಾಕ್ರಿ. ಮನಿಗಾದ್ರ ಒಡಕಾನೂ ನಡೀತದ ಅಂತೀರಿ, ಮಂದಿಗಾದ್ರ ಮಾನಕ್ಕಂಜಿ ಚಲೋದ್ ತರ್ತೀರಿ." ಅಷ್ಟೇ, ಮರುದಿನದಿಂದ ಪೈಪೋಟಿ ಶುರುವಾಯಿತು. ನೀನು ಇಷ್ಟು ಉದ್ದದ್ದು ತಂದೆಯಾ, ನಾನು ಇನ್ನೂ ಉದ್ದದ್ದು ತರುತ್ತೇನೆ. ಮುತ್ಯಾ ನರಸಮ್ಮತ್ತಿಯ ಬಾಗಿಲಿಗೆ ತಂದ ಕಲ್ಲು ಆ ವರ್ಷ ಅವನ ಕೈಯಿಂದ ಎದ್ದ ಫರ್ಸಿಗಳಲ್ಲೇ ದೊಡ್ಡದು, ಸಂಜೆಯ ಆಕಾಶದ ಬಣ್ಣದ್ದು. ಅದನ್ನು ಮಗುಚಿ ಹಾಕಿ ಕೆಳಮೈಯನ್ನೂ ತಿಕ್ಕುತ್ತ ಕೂತಿದ್ದ. "ಕೆಳಗಿನ ಮೈ ಯಾರ್ ನೋಡ್ತಾರ್ರಿ?" ಎಂದು ಹಣಮಂತ ಮಾಮಾ ನಕ್ಕರೆ, "ನೀರ ನೋಡ್ತದಲ್ಲೋ" ಅಂದ. ಸಂಜೆಯೊಳಗೆ ಮಾಮಾ ಕೂಡ ನಮ್ಮ ಬಾಗಿಲಿಗೆ ತಂದಿದ್ದ ಕಲ್ಲನ್ನು ಮಗುಚಿ ತಿಕ್ಕತೊಡಗಿದರು. ಅದನ್ನು ನೋಡಿ ಉಳಿದವರೂ ಮಗುಚಿದರು. ಹೆಂಗಸರು ಸೇರಿ ಸುಣ್ಣ ಅರೆದರು. ಪಕ್ಕದ ಗಲ್ಲಿಗಳವರು ಬಂದು ನೋಡಿ, ಬಾಯಲ್ಲಿ ಹೊಗಳದಿದ್ದರೂ ಚಪ್ಪಲಿ ಬಿಟ್ಟು ನಡೆದು ಹೋದರು. ಅಷ್ಟು ಸಾಕಾಗಿತ್ತು ನಮಗೆ.

ಮಕ್ಕಳಿಗೆ ಇದರಿಂದ ಬೇರೊಂದು ಆಟ ಸಿಕ್ಕಿತು. ನರಸಮ್ಮತ್ತಿಯ ಮಗಳು ಗಂಗೂಗೂ ನನಗೂ ಜಗಳವಾದಾಗ ನಾನು, "ನಮ್ ಕಲ್ಲಿನ ಮ್ಯಾಲಿಂದ ಇಳೀ!" ಅನ್ನುತ್ತಿದ್ದೆ. ಅವಳು ನಿಂತಿರುತ್ತಿದ್ದದ್ದು ತನ್ನದೇ ಬಾಗಿಲ ಮುಂದೆ. "ನೀನೂ ನಮ್ ಕಲ್ಲ ತುಳೀಬ್ಯಾಡ!" ಎಂದು ಅವಳು ತಿರುಗಿ ಕೂಗಿದರೆ ನಾನು ನಮ್ಮ ಮನೆಗೆ ಹೋಗುವಂತಿಲ್ಲ. ಇಬ್ಬರೂ ಗಲ್ಲಿಯ ನಡುವೆ ಬಿಸಿಲಲ್ಲಿ ಮುಖ ಊದಿಸಿಕೊಂಡು ನಿಲ್ಲಬೇಕು. ಹಸಿವಾದ ಮೇಲೆ ತಾನಾಗಿ ರಾಜಿಯಾಗುತ್ತಿತ್ತು.

ಇಷ್ಟೆಲ್ಲ ಹೆಮ್ಮೆಪಟ್ಟವರು ಒಂದು ತಪ್ಪು ಮಾಡಿದ್ದರು, ಅದೂ ಕಲ್ಲು ಬಲ್ಲವರು ಮಾತ್ರ ಮಾಡುವ ತಪ್ಪು. ಕಲ್ಲಿಗೆ ಕಲ್ಲು ಎಷ್ಟು ಚೆಂದ ಕೂಡಿಸಿ ಸುಣ್ಣ ತುಂಬಿದ್ದರೆಂದರೆ ನಡುವೆ ಉಗುರೂ ಹೋಗುತ್ತಿರಲಿಲ್ಲ. ಮೋರಿಯ ಕಸ ಬಳಿಯಬೇಕಾದರೆ ಕೈ ಹಾಕುವುದೆಲ್ಲಿ ಎಂದು ಯಾರೂ ಯೋಚಿಸಿರಲಿಲ್ಲ. ಒಂದು ಮಳೆಗಾಲ ಕಳೆಯಿತು. ಎರಡನೆಯದರಲ್ಲಿ, ನರಸಮ್ಮತ್ತಿಯ ಬಾಗಿಲ ಮುಂದಿನ ತಿರುವಿನಲ್ಲಿ ಕಸ ಕಟ್ಟಿಕೊಂಡು, ಬಚ್ಚಲುಗಳಿಂದ ನೀರು ಹಿಂದಕ್ಕೆ ಬರತೊಡಗಿತು. ಅಡುಗೆಮನೆಯ ತನಕ ಬಂತು. ಕಾಕಿ ಚೊಚ್ಚಲ ಬಾಣಂತಿ. ಅವಳ ಮಂಚದ ಕಾಲಿನ ಕೆಳಗೆ ನೀರು. ಒಂದು ಕಲ್ಲು ಒಡೆಯದೆ ಬೇರೆ ದಾರಿ ಇರಲಿಲ್ಲ, ಒಡೆಯಬೇಕಾದದ್ದು ತಿರುವಿನ ಮೇಲಿದ್ದ ಮುತ್ಯಾನ ಕಲ್ಲನ್ನೇ. ನರಸಮ್ಮತ್ತಿ ಅದರ ಮೇಲೆ ಮಳೆಯಲ್ಲೇ ಕೂತುಬಿಟ್ಟಳು. "ಅಯ್ಯೋ ರಾಮಾ, ಕೊಟ್ಟ ಕಲ್ಲ ಯಾರರ ಒಡಸ್ತಾರೇನ್ರಿ? ನನ್ ಗ್ವಾಡಿ ಬೇಕಾದ್ರ ಕೆಡವ್ರಿ, ಇದಕ್ಕ ಕೈ ಹಚ್ಚಬ್ಯಾಡ್ರಿ" ಎಂದು ಅತ್ತಳು. ಆಯಿ ಹೋಗಿ ಆಕೆಯ ತಲೆಯ ಮೇಲೆ ತನ್ನ ಸೆರಗು ಹಿಡಿದು, "ಏಳವ್ವಾ, ಕಲ್ಲ ಇರೂದು ಮನಶ್ಯಾರ ಸಲುವಾಗಿ" ಎಂದಳು. ಮುತ್ಯಾ ಉಳಿ ಸುತ್ತಿಗೆ ತಂದು ಕೂತ.

ಅವನು ಒಡೆಯಲಿಲ್ಲ, ಬಿಡಿಸಿದ. ಕಲ್ಲಿನ ನಡುವೆ ಚೌಕ ಗುರುತು ಮಾಡಿ, ಉಳಿಯನ್ನು ಓರೆಯಾಗಿ ಹಿಡಿದು, ಮೇಲೆ ಅಗಲ ಕೆಳಗೆ ಕಿರಿದು ಆಗುವಂತೆ ಒಂದು ತುಂಡನ್ನು ಸೀಳಿಲ್ಲದೆ ಎತ್ತಿದ. ಮಾಮಾ ಅವನ ತಲೆಯ ಮೇಲೆ ಗೋಣಿಚೀಲ ಹಿಡಿದು ನಿಂತಿದ್ದರು. ಬಾಯಿ ತೆರೆದ ಕೂಡಲೇ ಗಂಡಸರೆಲ್ಲ ಕೈ ಹಾಕಿ ಕಸ ಎಳೆದರು, ಗಲ್ಲಿಯ ನೀರೆಲ್ಲ ಒಮ್ಮೆಲೇ ಗುಡುಗಿಕೊಂಡು ಇಳಿದು ಹೋಯಿತು. ಎತ್ತಿದ ತುಂಡೇ ಮುಚ್ಚಳವಾಯಿತು. ಅದಕ್ಕೊಂದು ಕಬ್ಬಿಣದ ಬಳೆ ಹಾಕಿದ. ಓರೆ ಅಂಚಿನಿಂದಾಗಿ ಒಳಗೆ ಬೀಳದೆ ತನ್ನ ಜಾಗದಲ್ಲಿ ಸರಿಯಾಗಿ ಕೂರುತ್ತಿತ್ತು. ಆದರೆ ಕಾಲಿಟ್ಟರೆ 'ಟಕ್' ಎಂದು ಸದ್ದು ಮಾಡುತ್ತಿತ್ತು. ಆ ಸದ್ದು ಕೇಳಿದರೆ ನರಸಮ್ಮತ್ತಿಯ ಮನೆಗೆ ಯಾರೋ ಬಂದರೆಂದು ಅರ್ಥ. ಆಯಿ ತಿರುಗಿಯೂ ನೋಡದೆ ನಮ್ಮ ಒಲೆಯ ಮೇಲಿನ ಚಹಾಕ್ಕೆ ಇನ್ನಷ್ಟು ನೀರು ಹುಯ್ಯುತ್ತಿದ್ದಳು. ಆ ಮನೆಗೆ ಬಂದವರು ಈ ಮನೆಯ ಚಹಾ ಕುಡಿಯದೆ ಹೋದದ್ದಿಲ್ಲ.

ನಮ್ಮ ಆ ಹಳೆಯ ಮನೆ ಈಗಿಲ್ಲ. ಆಯಿ ಹೋದಳು, ಅವಳ ಹಿಂದೆ ಮುತ್ಯಾ, ಹಣಮಂತ ಮಾಮಾ, ಅಪ್ಪ, ಅವ್ವ. ಕಾಕಾ ಕಾಕಿ ಜಹೀರಾಬಾದಿನಲ್ಲಿ ಮಗನ ಹತ್ತಿರ ಇದ್ದಾರೆ. ಮದುವೆಯಾಗಿ ಕೊಡಂಗಲ್‌ಗೆ ಹೋಗಿದ್ದ ನಾನು, ನೌಕರಿ ಇಲ್ಲಿಗೆ ವರ್ಗವಾದಾಗ ಗಂಡನ ಜೊತೆ ಇದೇ ಜಾಗಕ್ಕೆ ಬಂದೆ. ಹಳೆಯ ಮಾಳಿಗೆ ಸೋರುತ್ತಿತ್ತು, ತೆಗೆಸಿ ಸ್ಲ್ಯಾಬ್ ಹಾಕಿಸಿದೆವು, ಕಟ್ಟೆಯೂ ಹೋಯಿತು. ನಿಮ್ಮ ಮನೆಯೂ ಹೀಗೇ ಒಂದೊಂದಾಗಿ ಕೈಬಿಟ್ಟು ಹೋಗಿರಬೇಕು, ಬಿಡಿ, ನಿಮಗೆ ಹೇಳಬೇಕಾದ್ದಿಲ್ಲ. ಕಡೆಗೆ ಉಳಿದದ್ದು ಮೋರಿಯ ಮೇಲಿನ ಫರ್ಸಿ ಮಾತ್ರ. ಈಗ ಮನೆಗಳು ಹೆಚ್ಚಿವೆ, ಆ ಮೋರಿಗೆ ಅಷ್ಟು ನೀರು ಹೊರುವ ಶಕ್ತಿಯಿಲ್ಲ, ದೊಡ್ಡ ಪೈಪು ಬರಲೇಬೇಕಿತ್ತು. ಅರ್ಜಿಗೆ ಮೊದಲ ರುಜು ಹಾಕಿದವಳು ನಾನೇ. ಆದರೆ ಕಲ್ಲುಗಳನ್ನು ತಗ್ಗು ತುಂಬಲು ಒಯ್ಯುತ್ತಾರೆಂದು ಗೊತ್ತಾದದ್ದು ಟ್ರ್ಯಾಕ್ಟರ್ ಬಂದು ನಿಂತಾಗ.

ನರಸಮ್ಮತ್ತಿಯ ಬಾಗಿಲ ಮುಂದೆ ಆ ಕಲ್ಲಿನ್ನೂ ಎದ್ದಿರಲಿಲ್ಲ. ಆಕೆಗೆ ಈಗ ಬೆನ್ನು ಬಾಗಿದೆ, ಕಣ್ಣು ಮಂಜು, ಗಂಗೂವಿನ ತಮ್ಮ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆ. ಕೋಲೂರಿಕೊಂಡು ಬಂದು, ಆವತ್ತಿನಂತೆಯೇ ಕಲ್ಲಿನ ಮೇಲೆ ಕೂತುಬಿಟ್ಟಳು. ಕೆಲಸ ನೋಡಿಕೊಳ್ಳುತ್ತಿದ್ದ ಇಂಜಿನಿಯರ್ ಹುಡುಗಿ ಬಂದು ಬಾಗಿ, "ಅಜ್ಜಿ, ಈ ಕಲ್ಲ ಒಯ್ಯಾಕ ನೀವು ಹ್ಞೂಂ ಅನ್ರಿ" ಎಂದಳು. "ನಂದಲ್ಲವ್ವಾ ಇದು, ಎದುರಿನವರ್ದು. ಅವರನ್ ಕೇಳು" ಎಂದಳು ನರಸಮ್ಮತ್ತಿ. ಹುಡುಗಿ ನನ್ನ ಹತ್ತಿರ ಬಂದಳು; ಮುತ್ಯಾನ ಕಲ್ಲು ಕೊಡೆನೆಂದೆ. ನಮ್ಮ ಬಾಗಿಲ ಮುಂದಿನ ಕಲ್ಲನ್ನು ತೋರಿಸಿ, ಹಾಗಾದರೆ ಇದಾದರೂ ನಿಮ್ಮದಲ್ಲವೇ ಎಂದು ಕೇಳಿದಳು. "ಇಲ್ಲವ್ವಾ, ಅದು ಅವರ್ದು" ಎಂದೆ. ಮೇಲಿನ ಮನೆಗೆ ಹೋದಳು. ಅಲ್ಲಿಯೂ ಅದೇ ಉತ್ತರ. ಗಲ್ಲಿಯಲ್ಲಿ ಒಬ್ಬರೂ ತಮ್ಮ ಬಾಗಿಲ ಮುಂದಿನ ಕಲ್ಲಿಗೆ ಹ್ಞೂಂ ಅನ್ನುವಂತಿರಲಿಲ್ಲ, ಅನ್ನುವ ಹಕ್ಕು ಇದ್ದವರು ಅನ್ನಲಿಲ್ಲ. ನನ್ನ ಜೀವಮಾನದಲ್ಲಿ ಈ ಗಲ್ಲಿಯ ಬಗ್ಗೆ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ! ಹುಡುಗಿ ಸೊಂಟದ ಮೇಲೆ ಕೈಯಿಟ್ಟು ನಿಂತು, ನಕ್ಕೂ ನಕ್ಕೂ ಸಾಕಾಗಿ, "ಸಿಮೆಂಟ್ ರೋಡಿಗೂ ನಿಮ್ ಬಾಗ್ಲಿಗೂ ನಡುವ ಜಾಗ ಉಳೀತದ. ಅಲ್ಲೇ ಹಾಸಿಕೊಳ್ರಿ, ನಂದೇನೂ ತಕರಾರಿಲ್ಲ" ಎಂದಳು. ಟ್ರ್ಯಾಕ್ಟರ್ ಬರಿದೇ ಹೋಯಿತು.

ಪೈಪು ಇಳಿಯಿತು, ರಸ್ತೆ ಆಯಿತು. ಕಲ್ಲು ಹಾಸುವ ದಿನ ಗಾರೆ ಕೆಲಸದ ಗೌಂಡಿ ಒಂದು ಮಾತು ತೆಗೆದ. ಮೇಲ್ಮೈ ಎಲ್ಲ ಸವೆದು ಜಾರುತ್ತದೆ. ಕೆಳಮೈ ತೊಳೆದು ನೋಡಿದರೆ ಹೊಸದರ ಹಾಗೆ ಇದೆ, ಯಾರು ತಿಕ್ಕಿದರೋ ಪುಣ್ಯಾತ್ಮರು, ಮಗುಚಿ ಹಾಕೋಣ ಎಂದ. ನನಗೆ ಸಂಕಟವಾಯಿತು. ಆ ಸವಕಳಿ ಬರೀ ಸವಕಳಿಯೇ? ಆಯಿ ಹಿಮ್ಮಡಿ ಊರಿದ್ದು, ಅಪ್ಪ ಸೈಕಲ್ ನಿಲ್ಲಿಸಿದ್ದು, ಅವ್ವ ರಂಗೋಲಿ ಹಾಕಿ ಹಾಕಿ ನುಣುಪಾದದ್ದು. ಬೇಡ ಎನ್ನಲು ಬಾಯಿ ತೆರೆದೆ. ನರಸಮ್ಮತ್ತಿ ಕೋಲಿನಿಂದ ಕಲ್ಲನ್ನು ತಟ್ಟಿ, "ಹಾಕಪ್ಪಾ, ಮಗಚೇ ಹಾಕು. ಆ ಮೈ ದುಡದು ದಣದದ, ಮಣ್ಣಿಗಿ ಮುಖಾ ಮಾಡಿ ಮಲಗ್ಲಿ. ನಡ್ಯಾಕ ಹುಡುಗ್ರ ಅವ, ಈ ಮೈ ಅವರಿಗಿರ್ಲಿ" ಎಂದಳು. ನಾನೂ ಕಲ್ಲಿನ ಒಂದು ತುದಿಗೆ ಕೈ ಹಚ್ಚಿದೆ. ಮಾಮಾ ನಮ್ಮ ಬಾಗಿಲಿಗೆ ತಂದಿದ್ದ ಕಲ್ಲು ಮಗುಚಿಕೊಂಡು, ಆ ಕಾಲದ ನೀಲಿಯನ್ನೇ ಹೊತ್ತು ಮಲಗಿತು.

ಎಲ್ಲ ಕಲ್ಲೂ ಮಗುಚಿದವು, ಒಂದು ಬಿಟ್ಟು. ಮುತ್ಯಾನ ಕಲ್ಲನ್ನು ಮಗುಚಿ ಮುಚ್ಚಳ ಇಟ್ಟರೆ ನಿಲ್ಲಲೊಲ್ಲದು. ಅವನು ಕೊರೆದ ಓರೆ ತಿರುಗಿ, ಮೇಲೆ ಕಿರಿದು ಕೆಳಗೆ ಅಗಲ. ಗೌಂಡಿ ಹೇಗೆ ಹೇಗೋ ಮಾಡಿ ನೋಡಿ, "ಇದು ಮಗಚಲ್ಲರಿ, ಹಳೇ ಮೈಯೇ ಮ್ಯಾಲ ಬರಬೇಕು" ಎಂದ. ನರಸಮ್ಮತ್ತಿ ಬೊಚ್ಚುಬಾಯಿ ತೆರೆದು ನಕ್ಕಳು. "ನಿಮ್ ಮುತ್ಯಾನ ಜಿದ್ದು ನೋಡವ್ವಾ, ಎಲ್ಲಾರೂ ಮಲಗಿದ್ರೂ ಅಂವ ಮಲಗವಲ್ಲ" ಎಂದವಳು ನಗುತ್ತಲೇ ಸೆರಗಿನಿಂದ ಕಣ್ಣೊತ್ತಿಕೊಂಡಳು. ಸಿಮೆಂಟು ಹಾಕಿ ಮುಚ್ಚಳ ಬಿಗಿಯಲೇ ಎಂದು ಗೌಂಡಿ ಕೇಳಿದ್ದಕ್ಕೆ ಇಬ್ಬರೂ ಒಟ್ಟಿಗೆ ಬೇಡವೆಂದೆವು. ಅಡಿಯಲ್ಲಿ ಒಂದಿಷ್ಟು ಪೊಳ್ಳು ಬಿಟ್ಟು ಹಾಗೇ ಕೂಡಿಸಿದ.

ಈಗ ಅದರ ಕೆಳಗೆ ನೀರು ಹರಿಯುವುದಿಲ್ಲ. ಗಲ್ಲಿಯ ನೀರೆಲ್ಲ ಎಲ್ಲೋ ಆಳದಲ್ಲಿ, ಯಾರ ಕಣ್ಣಿಗೂ ಬೀಳದೆ, ವಾಸನೆಯಿಲ್ಲದೆ ಹೋಗುತ್ತದೆ. ಮೊನ್ನೆ ಸಂಜೆ ಅಡುಗೆಮನೆಯಲ್ಲಿ ಚಹಾಕ್ಕೆ ಇಟ್ಟಿದ್ದೆ. ಎದುರಿಗೆ 'ಟಕ್' ಎಂದಿತು. ಯಾರು ಬಂದರೋ, ನೋಡಲಿಲ್ಲ. ಪಾತ್ರೆಗೆ ಇನ್ನೆರಡು ಕಪ್ ನೀರು ಹುಯ್ದೆ.